ಡಾರ್ಕ್ ಮೋಡ್ ಹಾಕಿದ ಮೇಲೂ ಕಣ್ಣುರಿ ಯಾಕೆ?

ಆಫೀಸ್ ಕೆಲಸ ಮಾಡುವವರು ಕಣ್ಣುರಿ ಅಂತ ನನ್ನ ಕ್ಲಿನಿಕ್‌ಗೆ ಬಂದರೆ ಈಗೀಗ ಒಂದು ಮಾತು ತಪ್ಪದೇ ಹೇಳುತ್ತಾರೆ. "ಎಲ್ಲಾದಕ್ಕೂ ಡಾರ್ಕ್ ಮೋಡ್ ಹಾಕಿದೀನಿ ಡಾಕ್ಟ್ರೇ. ಆದ್ರೂ ಸಂಜೆ ಹೊತ್ತಿಗೆ ಕಣ್ಣಲ್ಲಿ ಮರಳು ಬಿದ್ದ ಹಾಗಾಗುತ್ತೆ, ಎಂತ ಮಾಡೋದು?" ಬ್ಯಾಂಕಿನವರು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ತೀರ್ಥಹಳ್ಳಿ ಕಡೆಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವ ಹುಡುಗ ಹುಡುಗಿಯರು, ಎಲ್ಲರದ್ದೂ ಹೆಚ್ಚುಕಮ್ಮಿ ಇದೇ ಕಥೆ.

ಡಾರ್ಕ್ ಮೋಡ್ ಅಂದರೆ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ತೋರಿಸುವ ಸೆಟ್ಟಿಂಗ್. ಅದು ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಅದನ್ನು ಔಷಧಿ ಅಂದುಕೊಂಡರೆ ಕಷ್ಟ. ನೀವು ಕೂತ ಜಾಗದಲ್ಲಿ ಎಷ್ಟು ಬೆಳಕಿದೆಯೋ ಪರದೆಯ ಬೆಳಕೂ ಅದರ ಹತ್ತಿರ ಇರಬೇಕು. ಕತ್ತಲೆ ಕೋಣೆಗೆ ಕಪ್ಪು ಪರದೆ ಸರಿ. ಹಗಲು ಹೊತ್ತಿನ ಆಫೀಸಿಗೆ ಬಿಳಿ ಪರದೆಯೇ ವಾಸಿ.

ಯಾಕೆ ಅಂದರೆ, ಬೆಳಕಿದ್ದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ, ಬೆಳಕು ಕಮ್ಮಿಯಾದಾಗ ಅರಳುತ್ತದೆ. ಪಾಪೆ ಕಿರಿದಾಗಿದ್ದಷ್ಟೂ ಅಕ್ಷರ ಚೂಪಾಗಿ ಕಾಣುತ್ತದೆ. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ದೂರದ ಬಸ್ಸಿನ ಬೋರ್ಡ್ ಓದೋಕೆ ಕಣ್ಣು ಸಣ್ಣ ಮಾಡುತ್ತೀವಲ್ಲ, ಅದರ ಗುಟ್ಟೂ ಇದೇ. ಒಳಗೆ ಹೋಗುವ ಬೆಳಕಿನ ದಾರಿ ಕಿರಿದಾದರೆ ಮಸುಕು ಕಮ್ಮಿಯಾಗುತ್ತದೆ. ಪರದೆ ಕಪ್ಪಾದಾಗ ಇದರ ಉಲ್ಟಾ. ಪಾಪೆ ಅರಳಿ, ಕಣ್ಣಿನಲ್ಲಿ ಇದ್ದೂ ಇಲ್ಲದಂತಿದ್ದ ಸಣ್ಣಪುಟ್ಟ ದೋಷಗಳೆಲ್ಲ ಹೊರಗೆ ಬರುತ್ತವೆ. ಜರ್ಮನಿಯ ಡ್ಯೂಸೆಲ್ಡಾರ್ಫ್‌ನ ಸಂಶೋಧಕರು 2013ರಲ್ಲಿ ಚಿಕ್ಕ ವಯಸ್ಸಿನವರನ್ನೂ ವಯಸ್ಸಾದವರನ್ನೂ ಕೂರಿಸಿ ಪರೀಕ್ಷೆ ಮಾಡಿದ್ದರು. ಎರಡೂ ಗುಂಪಿನವರು ಬಿಳಿ ಹಿನ್ನೆಲೆಯ ಕರಿ ಅಕ್ಷರವನ್ನೇ ಚೆನ್ನಾಗಿ ಗುರುತಿಸಿದರು.

ನಿಮ್ಮ ಕನ್ನಡಕದ ಚೀಟಿ ಮನೆಯಲ್ಲಿದ್ದರೆ ತೆಗೆದು ನೋಡಿ. ಎಸ್‌ಪಿಎಚ್, ಸಿವೈಎಲ್, ಆಕ್ಸಿಸ್ ಅಂತ ಕಾಲಂಗಳಿರುತ್ತವೆ. ಸಿವೈಎಲ್ ಕೆಳಗೆ ನಂಬರ್ ಇದ್ದರೆ ನಿಮಗೆ ಅಸ್ಟಿಗ್ಮ್ಯಾಟಿಸಂ ಇದೆ ಅಂತ ಅರ್ಥ. ಸಾಮಾನ್ಯವಾಗಿ ಕಣ್ಣಿನ ಮುಂಭಾಗದ ಕಾರ್ನಿಯಾ ಎಲ್ಲ ದಿಕ್ಕಿಗೂ ಒಂದೇ ಸಮ ಬಾಗಿಲ್ಲದಿದ್ದರೆ ಹೀಗಾಗುತ್ತದೆ. 0.50, 0.75 ಅಂತ ಇದ್ದರೆ "ಅಷ್ಟಕ್ಕೆಲ್ಲ ಯಾಕೆ ಕನ್ನಡಕ" ಅಂತ ಸುಮ್ನೆ ಬಿಡುವವರೇ ಜಾಸ್ತಿ. ಬಿಳಿ ಹಾಳೆಯ ಮೇಲೆ ಕರಿ ಅಕ್ಷರ ಓದುವಾಗ ಅದು ಹೇಗೋ ನಡೆದುಹೋಗುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಂದಾಗ ನಡೆಯುವುದಿಲ್ಲ. ಅಕ್ಷರದ ಬೆಳಕು ಅಂಚು ದಾಟಿ ಸುತ್ತ ಹರಡಿಕೊಳ್ಳುತ್ತದೆ.

ಕನ್ನಡ ಓದುವವರಿಗೆ ಇದರ ಕಾಟ ಇನ್ನೂ ಜಾಸ್ತಿ ಅನ್ನೋದು ನನ್ನ ಅನುಭವ. ನಮ್ಮ ಅಕ್ಷರಗಳೆಲ್ಲ ದುಂಡು, ಒಳಗೆ ಪುಟ್ಟ ಪುಟ್ಟ ಖಾಲಿ ಜಾಗ. ದ ಮತ್ತು ಧ ನಡುವೆ ಇರುವುದು ಕೆಳಗಿನ ಒಂದು ಚಿಕ್ಕ ಗೀರು. ಪ, ಫ, ಷ ಕೂಡ ಹಾಗೇ. ಬಿಳಿ ಬೆಳಕು ಹರಡಿಕೊಂಡರೆ ಮೊದಲು ಮುಚ್ಚಿಹೋಗುವುದೇ ಆ ಗೀರು. 'ರಾಷ್ಟ್ರೀಕೃತ' ಅಂತ 11 ಸೈಜಿನಲ್ಲಿ ಟೈಪ್ ಮಾಡಿ, ಪುಟ ಕಪ್ಪು ಮಾಡಿ, ಒಂದು ಕೈ ದೂರದಲ್ಲಿ ಕೂತು ನೋಡಿ. ಷ ಕೆಳಗಿನ ಒತ್ತುಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತವೆ. ಗೊತ್ತಿರುವ ಪದವಾದ್ದರಿಂದ ಓದಿಬಿಡುತ್ತೀರಿ. ಜಮೀನಿನ ಕಾಗದಪತ್ರದಲ್ಲಿ ಯಾರದೋ ಹೆಸರು, ಯಾವುದೋ ಊರಿನ ಹೆಸರು ಬಂದಾಗ ಮುಖ ಪರದೆಗೆ ಹತ್ತಿರ ಹೋಗುತ್ತದೆ. ಕುತ್ತಿಗೆ ನೋವು ಶುರುವಾಗುವುದು ಅಲ್ಲಿಂದ.

ಇಂಥವರಿಗೆ ನಾನು ಹೇಳುವುದು ಎರಡು ಮಾತು. ಸಿಲಿಂಡರ್ ಪವರ್, ಅಂದರೆ ಚೀಟಿಯ ಆ ಸಿವೈಎಲ್ ನಂಬರ್, ಎಷ್ಟೇ ಕಮ್ಮಿ ಇರಲಿ, ಕಂಪ್ಯೂಟರ್ ಮುಂದೆ ಕೂರುವಾಗ ಕಾಟ ಕೊಡುತ್ತಿದ್ದರೆ ಕನ್ನಡಕ ಹಾಕಿ. ಅಕ್ಷರ ದೊಡ್ಡದು ಮಾಡಿಕೊಳ್ಳಿ. ವರ್ಡ್‌ನಲ್ಲಿ ಫಾಂಟ್ ಸೈಜ್ ಮುಟ್ಟಬೇಕಾಗಿಲ್ಲ, ಕೆಳಗಡೆ ಬಲ ಮೂಲೆಯಲ್ಲಿ ಜೂಮ್ ಇದೆ, 130ಕ್ಕೋ 140ಕ್ಕೋ ಎಳೆದರೆ ಸಾಕು. ಜೂಮ್ ಮಾಡುವುದಕ್ಕೆ ಕೆಲವರಿಗೆ ಯಾಕೋ ನಾಚಿಕೆ, ಪಕ್ಕದ ಟೇಬಲ್ಲಿನವರು ವಯಸ್ಸಾಯ್ತು ಅಂದುಕೊಳ್ತಾರೆ ಅಂತ!

ಈಗ ಆಫೀಸಿನ ಅಸಲಿ ತೊಂದರೆಗೆ ಬರೋಣ. ಎಲ್ಲವೂ ಕಪ್ಪಾಗಿದ್ದರೆ ಒಂದು ಲೆಕ್ಕ. ಹಾಗೆ ಆಗುವುದೇ ಇಲ್ಲ. ಮನೆಯಿಂದ ಕೆಲಸ ಮಾಡುವ ಒಬ್ಬರಿಗೆ ಲ್ಯಾಪ್‌ಟಾಪ್ ತಗೊಂಡೇ ಬನ್ನಿ ಅಂದಿದ್ದೆ. ನನ್ನೆದುರೇ ಕೂತು ಎಂದಿನ ಹಾಗೆ ಕೆಲಸ ಮಾಡಿ ಅಂದೆ. ಔಟ್‌ಲುಕ್ ಪೂರ್ತಿ ಕಪ್ಪು. ಮೇಲ್ ಜೊತೆ ಬಂದಿದ್ದ ಸ್ಕ್ಯಾನ್ ಮಾಡಿದ ಪಿಡಿಎಫ್ ತೆರೆದರು, ಪರದೆ ತುಂಬಾ ಫಳ್ ಅಂತ ಬಿಳಿ. ಅದರಲ್ಲಿದ್ದ ಅಂಕಿಯನ್ನು ಎಕ್ಸೆಲ್‌ಗೆ ಹಾಕಿದರು, ಅದೂ ಬಿಳಿ. ಮತ್ತೆ ಮೇಲ್, ಕಪ್ಪು. ಬಿಳಿ ಬಂದಾಗೆಲ್ಲ ಅವರ ಹುಬ್ಬು ಗಂಟಾಗುತ್ತಿತ್ತು, ಅವರಿಗೇ ಗೊತ್ತಿರಲಿಲ್ಲ. ಅರಳಿದ ಪಾಪೆಗೆ ಒಮ್ಮೆಲೇ ಬೆಳಕು ಹೊಡೆದರೆ ಕುಗ್ಗುತ್ತದೆ, ಕಪ್ಪು ಬಂದರೆ ನಿಧಾನಕ್ಕೆ ಮತ್ತೆ ಅರಳುತ್ತದೆ. ದಿನವಿಡೀ ಇದೇ ಆಟ. ಇದಕ್ಕಿಂತ ಎಲ್ಲವನ್ನೂ ಬಿಳಿಯಲ್ಲೇ ಇಟ್ಟು ಪರದೆಯ ಬ್ರೈಟ್‌ನೆಸ್ ಇಳಿಸಿಕೊಳ್ಳುವುದು ಎಷ್ಟೋ ಮೇಲು.

ಕಪ್ಪೇ ಬೇಕು ಅನ್ನುವವರು ಅರ್ಧಂಬರ್ಧ ಮಾಡಬೇಡಿ. ಮೈಕ್ರೋಸಾಫ್ಟ್ 365ರಲ್ಲಿ ಫೈಲ್, ಅಕೌಂಟ್, ಅಲ್ಲಿ ಆಫೀಸ್ ಥೀಮ್ ಅಂತ ಇರುತ್ತದೆ. ಬ್ಲ್ಯಾಕ್ ಆರಿಸಿದರೆ ವರ್ಡ್‌ನಲ್ಲಿ ಪುಟವೂ ಕಪ್ಪಾಗುತ್ತದೆ. ಪುಟ ಮಾತ್ರ ಬಿಳಿ ಬೇಕು ಅಂದರೆ ವ್ಯೂ ಟ್ಯಾಬ್‌ನಲ್ಲಿ ಸ್ವಿಚ್ ಮೋಡ್ಸ್ ಒತ್ತಿ. ಔಟ್‌ಲುಕ್‌ನಲ್ಲಿ ಮೇಲ್ ತೆರೆದಾಗ ಸೂರ್ಯನ ಚಿತ್ರದ ಒಂದು ಬಟನ್ ಕಾಣುತ್ತದೆ, ಅದನ್ನು ಒತ್ತಿದರೆ ಆ ಪತ್ರದ ಹಿನ್ನೆಲೆ ಬಿಳಿಯಾಗುತ್ತದೆ. 2016, 2019ರ ಹಳೆಯ ಆಫೀಸ್ ಇದ್ದರೆ ಸುತ್ತಲಿನ ಪಟ್ಟಿಗಳಷ್ಟೇ ಕಪ್ಪಾಗಿ ಮಧ್ಯದ ಹಾಳೆ ಬೆಳ್ಳಗೇ ಉಳಿಯುತ್ತದೆ. ಕಂಪ್ಯೂಟರ್‌ನ ಬ್ರೌಸರಿನಲ್ಲಿ ಜಿಮೇಲ್‌ಗೆ ಡಾರ್ಕ್ ಥೀಮ್ ಹಾಕಿದರೂ ಅಷ್ಟೇ, ಪಟ್ಟಿ ಕಪ್ಪು, ತೆರೆದ ಪತ್ರ ಬಿಳಿ. ಇಂಥ ಕಡೆ ಕಪ್ಪು ಮಾಡಿ ಪ್ರಯೋಜನ ಇಲ್ಲ. ಬಣ್ಣದ ಆಯ್ಕೆ ಇದ್ದಲ್ಲಿ ಅಚ್ಚ ಕಪ್ಪಿಗಿಂತ ಡಾರ್ಕ್ ಗ್ರೇ ನೋಡಿ. ಕಪ್ಪು ಬಿಳಿಯ ವ್ಯತ್ಯಾಸ ಸ್ವಲ್ಪ ತಗ್ಗಿದರೆ ಬೆಳಕು ಹರಡುವುದೂ ತಗ್ಗುತ್ತದೆ.

ಕಣ್ಣಿಗೆ ಸಂಬಂಧ ಇಲ್ಲದಿದ್ದರೂ ಒಂದು ಮಾತು. ಸಹಿಯನ್ನು ಸ್ಕ್ಯಾನ್ ಮಾಡಿ ಹಿನ್ನೆಲೆ ತೆಗೆದು ಮೇಲ್ ಕೆಳಗೆ ಅಂಟಿಸುತ್ತಾರಲ್ಲ, ಅದು ಕರಿ ಶಾಯಿಯದ್ದಾಗಿದ್ದರೆ ಡಾರ್ಕ್ ಮೋಡ್‌ನಲ್ಲಿ ಓದುವವರಿಗೆ ಕಾಣುವುದೇ ಇಲ್ಲ. ಹಾಗೇ ಕಪ್ಪು ಪರದೆಯಿಂದ ಬಿಳಿ ಅಕ್ಷರ ಕಾಪಿ ಮಾಡಿ ಮೇಲ್‌ಗೆ ಹಾಕಿದರೆ ಕೆಲವೊಮ್ಮೆ ಬಣ್ಣವೂ ಜೊತೆಗೆ ಬಂದು, ಆ ಕಡೆಯವರಿಗೆ ಖಾಲಿ ಪತ್ರ ಸಿಗುತ್ತದೆ. ಪ್ರಿಂಟ್ ಬಗ್ಗೆ ಹೆದರಬೇಕಿಲ್ಲ. ವರ್ಡ್‌ನಲ್ಲಿ ಪುಟ ಕಪ್ಪು ಕಂಡರೂ ಕಾಗದದಲ್ಲಿ ಕರಿ ಅಕ್ಷರವೇ ಬರುತ್ತದೆ.

ನಮ್ಮ ಕಡೆಯ ಬೆಳಕಿನದ್ದೇ ಬೇರೆ ಸಮಸ್ಯೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಹಳ್ಳಿಗಳಲ್ಲೂ ಆಷಾಢದ ಮಧ್ಯಾಹ್ನ ದೀಪ ಹಾಕದೆ ಅಕ್ಕಿ ಆರಿಸೋಕಾಗಲ್ಲ. ಹಳೆಯ ಹೆಂಚಿನ ಮನೆಗಳಲ್ಲಿ ಸಣ್ಣ ಕಿಟಕಿ, ಮಾಡಿನಲ್ಲಿ ಒಂದೋ ಎರಡೋ ಗಾಜಿನ ಹೆಂಚು. ಅಂಥ ಕೋಣೆಯಲ್ಲಿ ಪೂರ್ತಿ ಬ್ರೈಟ್‌ನೆಸ್‌ನ ಬಿಳಿ ಪರದೆ ನಿಜಕ್ಕೂ ಚುಚ್ಚುತ್ತದೆ. ಕರೆಂಟ್ ಹೋದ ರಾತ್ರಿಯಂತೂ ಕೇಳುವುದೇ ಬೇಡ. ಆಗ ಡಾರ್ಕ್ ಮೋಡ್ ಧಾರಾಳವಾಗಿ ಹಾಕಿ. ಇನ್ನೂ ಒಳ್ಳೆಯದು ಅಂದರೆ ಲ್ಯಾಪ್‌ಟಾಪ್ ಹಿಂದಿನ ಗೋಡೆಗೆ ಬೀಳುವ ಹಾಗೆ ಒಂದು ಎಲ್‌ಇಡಿ ದೀಪ. ಅದೇ ಲ್ಯಾಪ್‌ಟಾಪನ್ನು ಏಪ್ರಿಲ್‌ನಲ್ಲಿ ಜಗಲಿಗೆ ತಂದು ಕೂತರೆ ಕಪ್ಪು ಪರದೆ ಕನ್ನಡಿಯೇ ಆಗಿಬಿಡುತ್ತದೆ, ಅಂಗಳದ ಬಿಸಿಲು, ನಿಮ್ಮ ಮುಖ ಎಲ್ಲ ಅದರಲ್ಲೇ. ಅಲ್ಲಿ ಬಿಳಿ ಬೇಕು.

ಸರಿಯಾಗಿದೆಯೋ ಇಲ್ಲವೋ ನೋಡೋಕೆ ಸುಲಭದ ದಾರಿ ಇದೆ. ಪರದೆಯಲ್ಲಿ ಖಾಲಿ ಬಿಳಿ ಪುಟ ತೆರೆದು ಪಕ್ಕದಲ್ಲಿ ಒಂದು ಬಿಳಿ ಕಾಗದ ಹಿಡಿಯಿರಿ. ಪರದೆ ದೀಪದ ಹಾಗೆ ಉರಿಯುತ್ತಿದ್ದರೆ ಬ್ರೈಟ್‌ನೆಸ್ ಇಳಿಸಿ. ಕಾಗದಕ್ಕಿಂತ ಮಂಕಾಗಿದ್ದರೆ ಏರಿಸಿ.

ಕರೆಂಟ್ ಹೋದಾಗ ಬ್ಯಾಟರಿ ಉಳಿಯಲಿ ಅಂತ ಡಾರ್ಕ್ ಮೋಡ್ ಹಾಕುವವರೂ ಇದ್ದಾರೆ. ಓಎಲ್‌ಇಡಿ ಪರದೆಯ ಫೋನ್‌ನಲ್ಲಿ ಅದು ನಿಜ. ಅಲ್ಲಿ ಪರದೆಯ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪು ಅಂದರೆ ಆ ಚುಕ್ಕೆ ಆರಿರುತ್ತದೆ. ಆದರೂ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಅಳೆದಾಗ, ಸಾಮಾನ್ಯವಾಗಿ ಇಡುವ 30ರಿಂದ 50 ಶೇಕಡಾ ಬ್ರೈಟ್‌ನೆಸ್‌ನಲ್ಲಿ ಉಳಿತಾಯ ಸರಾಸರಿ 3ರಿಂದ 9 ಶೇಕಡಾ ಅಷ್ಟೇ. ಹೆಚ್ಚಿನ ಆಫೀಸ್ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಎಲ್‌ಸಿಡಿ, ಕಪ್ಪು ಕಂಡರೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ.

ಇನ್ನು ಮರಳು ಬಿದ್ದ ಹಾಗಾಗುವ ಆ ಉರಿ. ಅದಕ್ಕೆ ಬಣ್ಣ ಕಾರಣವೇ ಅಲ್ಲ, ಕಣ್ಣು ಒಣಗಿರುವುದು ಕಾರಣ. ಸುಮ್ನೆ ಮಾತಾಡುತ್ತಾ ಕೂತಾಗ ನಿಮಿಷಕ್ಕೆ 15ರಿಂದ 20 ಸಲ ರೆಪ್ಪೆ ಬಡಿಯುತ್ತೇವೆ. ಪರದೆ ನೋಡುವಾಗ ಅದು ಅರ್ಧಕ್ಕೂ ಕೆಳಗೆ ಇಳಿಯುತ್ತದೆ, ಬಡಿದದ್ದೂ ಪೂರ್ತಿ ಮುಚ್ಚಿರುವುದಿಲ್ಲ. ಕಪ್ಪು ಹಿನ್ನೆಲೆಯಲ್ಲಿ ಸಣ್ಣ ಅಕ್ಷರವನ್ನು ದಿಟ್ಟಿಸಿ ನೋಡುವಾಗಲೂ ಹೀಗೇ ಆಗುತ್ತದೆ. ಫ್ಯಾನ್ ಗಾಳಿ ನೇರ ಮುಖಕ್ಕೆ ಬಡಿಯುತ್ತಿದ್ದರೆ ಮುಗಿಯಿತು. ಫ್ಯಾನ್ ಬದಿಗೆ ತಿರುಗಿಸಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೋ ಸ್ವಲ್ಪ ಕೆಳಗೋ ಇರಲಿ. ಕೆಳಗೆ ನೋಡುವಾಗ ರೆಪ್ಪೆ ಸ್ವಲ್ಪ ಇಳಿದಿರುತ್ತದೆ, ಕಣ್ಣೀರು ಅಷ್ಟು ಬೇಗ ಆರಲ್ಲ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ್ದನ್ನು 20 ಸೆಕೆಂಡ್ ನೋಡಿ ಅಂತ ಎಲ್ಲ ಕಣ್ಣಿನ ಡಾಕ್ಟರೂ ಹೇಳುತ್ತಾರೆ. ಕಿಟಕಿಯಾಚೆ ತೋಟ ಇರುವವರಿಗೆ ಅಡಿ ಲೆಕ್ಕ ಹಾಕುವ ಕಷ್ಟವೂ ಇಲ್ಲ.

40 ದಾಟಿದವರಿಗೆ ಚಾಳೀಸು ಬೇರೆ ಸೇರಿಕೊಳ್ಳುತ್ತದೆ. ಪಾಪೆ ಅರಳಿದಷ್ಟೂ ಹತ್ತಿರದ್ದು ಇನ್ನಷ್ಟು ಮಸುಕು. "ಬಿಳಿ ಪರದೆಯಲ್ಲಿ ಕಾಣುತ್ತೆ, ಕಪ್ಪು ಮಾಡಿದ್ರೆ ಕಾಣಲ್ಲ" ಅಂತ ಯಾರಾದರೂ ಹೇಳಿದರೆ ನಾನು ಮೊದಲು ನೋಡುವುದು ಓದುವ ಕನ್ನಡಕದ ಪವರ್. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಜಾಸ್ತಿ ದುಡ್ಡು ಕೊಡಬೇಕಾ ಅಂತಲೂ ಕೇಳುತ್ತಾರೆ. ಬೇಡ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆ 2023ರಲ್ಲಿ 17 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಕಣ್ಣಿನ ಆಯಾಸಕ್ಕೆ ಅವುಗಳಿಂದ ಬಹುಶಃ ಏನೂ ವ್ಯತ್ಯಾಸ ಆಗಲ್ಲ ಅನ್ನೋದೇ ಸಿಕ್ಕ ಉತ್ತರ.

ಡಾರ್ಕ್ ಮೋಡ್‌ನಿಂದ ನಿಜವಾದ ಲಾಭ ಇರುವವರಲ್ಲಿ ಪೊರೆ ಶುರುವಾದವರು ಮುಖ್ಯ. ಮಂಜಾದ ಮಸೂರದೊಳಗೆ ಬಿಳಿ ಪರದೆಯ ಬೆಳಕು ಚೆದುರಿ ಕಣ್ಣು ಕೋರೈಸುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಚೆದುರುವ ಬೆಳಕೇ ಕಮ್ಮಿ. ಹಾಗಾಗಿ ರಿಟೈರ್ ಆದ ಮೇಷ್ಟ್ರಿಗೆ ಮೊಮ್ಮಗಳು ಫೋನ್‌ನಲ್ಲಿ ಡಾರ್ಕ್ ಮೋಡ್ ಹಾಕಿಕೊಟ್ಟು "ಈಗ ಕಾಣುತ್ತಾ ಅಜ್ಜ" ಅಂದರೆ, ಕಾಣುತ್ತೆ ಅನ್ನುತ್ತಾರೆ. ಆಪರೇಷನ್ ಆಗುವ ತನಕ ಅದು ಅವರಿಗೆ ದೊಡ್ಡ ಸಹಾಯ. ಮೈಗ್ರೇನ್ ಇರುವ ಕೆಲವರಿಗೂ ಇದು ಒಗ್ಗುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಬೈಯುತ್ತೇನೆ. ಈಗ ಬೆಳಗ್ಗೆ ತೋಟ, ಮಧ್ಯಾಹ್ನ ಲ್ಯಾಪ್‌ಟಾಪ್ ಅಂತ ಎರಡೂ ನಡೆಸುವವರು ಜಾಸ್ತಿಯಾಗಿದ್ದಾರೆ. ಕೊಯ್ಲಿನಲ್ಲೋ ಗದ್ದೆ ಬದಿಯಲ್ಲೋ ಸೋಗೆ, ಭತ್ತದ ಗರಿ ಕಣ್ಣಿಗೆ ತಾಗಿರುತ್ತದೆ. ಎರಡು ದಿನ ಬಿಟ್ಟು ಪರದೆ ನೋಡೋಕಾಗಲ್ಲ, ಬೆಳಕು ಚುಚ್ಚುತ್ತದೆ. ಡಾರ್ಕ್ ಮೋಡ್ ಹಾಕಿ, ಮೆಡಿಕಲ್ ಶಾಪಿನಲ್ಲಿ ಯಾವುದೋ ಡ್ರಾಪ್ಸ್ ತಗೊಂಡು ಮೀಟಿಂಗ್‌ಗೆ ಕೂರುತ್ತಾರೆ. ಆ ಡ್ರಾಪ್ಸ್‌ನಲ್ಲಿ ಸ್ಟೀರಾಯ್ಡ್ ಇದ್ದರೆ, ಗಿಡದ ಗೀರಿನಿಂದ ಕಾರ್ನಿಯಾಕ್ಕೆ ಹತ್ತಿದ ಫಂಗಸ್ ಹುಣ್ಣು ಇನ್ನೂ ಒಳಗೆ ಇಳಿಯುತ್ತದೆ, ದೃಷ್ಟಿಯೇ ಹೋಗಬಹುದು. ಒಂದೇ ಕಣ್ಣು ಕೆಂಪಾಗಿ, ನೋವಿದ್ದು, ಬೆಳಕು ತಡೆಯೋಕಾಗದಿದ್ದರೆ ಅದು ಪರದೆಯ ಆಯಾಸ ಅಲ್ಲ. ಅವತ್ತೇ ಹತ್ತಿರದ ಕಣ್ಣಿನ ಡಾಕ್ಟರಿಗೆ ತೋರಿಸಿ, ಹಾಕಿದ ಡ್ರಾಪ್ಸ್ ಬಾಟಲಿಯನ್ನೂ ಜೊತೆಗೆ ತನ್ನಿ.