ಎಂಜಿನ್ನಿನ ಅಂಕಿ ನೋಡಿಕೊಂಡು ಓಡಿಸಿದರೆ ಮೈಲೇಜ್ ಹೆಚ್ಚುತ್ತದೆಯೇ?

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿನಲ್ಲಿ ಎಂಜಿನ್ನಿನ ಮಾಹಿತಿ ಕೊಡುವ ಓಬಿಡಿ ಪೋರ್ಟ್‌ಗೆ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದ್ದೇನೆ. ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು), ಎಂಜಿನ್ ಲೋಡ್, ಕೂಲಂಟ್ (ಎಂಜಿನ್ ತಣಿಸುವ ದ್ರವ) ತಾಪಮಾನ, ಆ ಕ್ಷಣದ ಮೈಲೇಜ್ ಎಲ್ಲವೂ ಮೊಬೈಲಿನಲ್ಲಿ ಕಾಣುತ್ತವೆ. ಇವನ್ನು ನೋಡಿಕೊಂಡು ಓಡಿಸಿದರೆ ಇಂಧನ ನಿಜವಾಗಿಯೂ ಉಳಿಯುತ್ತದೆಯೇ? ಉಳಿಯುವುದಾದರೆ ಯಾವ ಅಂಕಿಯ ಮೇಲೆ ಕಣ್ಣಿಡಬೇಕು?

ಉತ್ತರ: ಉಳಿಯುತ್ತದೆ. ಆದರೆ ಎಲ್ಲರ ಕಣ್ಣು ಮೊದಲು ಹೋಗುವ ಅಂಕಿ, ಅಂದರೆ ಆ ಕ್ಷಣದ ಮೈಲೇಜ್, ಚಾಲಕನಿಗೆ ತಪ್ಪು ಪಾಠ ಕಲಿಸುವ ಸಾಧ್ಯತೆಯೇ ಹೆಚ್ಚು.

ನಿಂತ ಕಾರು ಹೊರಟು ವೇಗ ಹಿಡಿಯುವಾಗ ಈ ಅಂಕಿ ಲೀಟರಿಗೆ ನಾಲ್ಕೈದು ಕಿ.ಮೀ.ಗೆ ಕುಸಿಯುತ್ತದೆ. ಅದನ್ನು ಕಂಡು ಗಾಬರಿಯಾದವರು ಪೆಡಲ್ ಮೇಲಿನ ಕಾಲನ್ನು ಸಡಿಲಿಸಿ, ಎರಡನೇ ಗೇರಿನಲ್ಲೇ ಬಹಳ ದೂರ ನಿಧಾನವಾಗಿ ಎಳೆದುಕೊಂಡು ಹೋಗುತ್ತಾರೆ. ಅಂಕಿ ಸುಧಾರಿಸಿದಂತೆ ಕಾಣುತ್ತದೆ, ಒಟ್ಟು ಖರ್ಚು ಮಾತ್ರ ಏರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್, ಅಂದರೆ ಒಳಹೋಗುವ ಗಾಳಿಯನ್ನು ನಿಯಂತ್ರಿಸುವ ಕವಾಟ, ಅರೆ ಮುಚ್ಚಿರುವಾಗ ಪಿಸ್ಟನ್‌ಗಳು ಆ ಕಿರಿದಾದ ದಾರಿಯಿಂದಲೇ ಗಾಳಿಯನ್ನು ಎಳೆದುಕೊಳ್ಳಬೇಕಾಗಿ, ಒಂದಷ್ಟು ಶಕ್ತಿ ಆ ಎಳೆದಾಟಕ್ಕೇ ಹೋಗುತ್ತದೆ. ಆರ್‌ಪಿಎಂ ಹೆಚ್ಚಿದ್ದಷ್ಟೂ ಒಳಗಿನ ಘರ್ಷಣೆಯೂ ಹೆಚ್ಚು. ಆದ್ದರಿಂದ ಅಷ್ಟೇ ಶಕ್ತಿಯನ್ನು ಕಡಿಮೆ ಆರ್‌ಪಿಎಂನಲ್ಲಿ, ಥ್ರಾಟಲ್ಲನ್ನು ಹೆಚ್ಚು ತೆರೆದು ಪಡೆದರೆ ಕಡಿಮೆ ಇಂಧನ ಸಾಕಾಗುತ್ತದೆ.

ಹಾಗಾಗಿ ವೇಗ ಹಿಡಿಯುವಾಗ ಮೈಲೇಜಿನ ಅಂಕಿಯನ್ನು ಮರೆತು, ಲೋಡ್ ಮತ್ತು ಆರ್‌ಪಿಎಂಗಳನ್ನು ಜೋಡಿಯಾಗಿ ಗಮನಿಸಬೇಕು. ಆ ಆರ್‌ಪಿಎಂನಲ್ಲಿ ಎಂಜಿನ್ ಎಳೆದುಕೊಳ್ಳಬಲ್ಲ ಗಾಳಿಯಲ್ಲಿ ಎಷ್ಟು ಪಾಲನ್ನು ಈಗ ಎಳೆದುಕೊಳ್ಳುತ್ತಿದೆ ಎಂಬುದನ್ನು ಲೋಡ್ ಸ್ಥೂಲವಾಗಿ ಹೇಳುತ್ತದೆ. ಬಹುತೇಕ ಪೆಟ್ರೋಲ್ ಎಂಜಿನ್‌ಗಳು ಮಧ್ಯಮಕ್ಕಿಂತ ಕೆಳಗಿನ ಆರ್‌ಪಿಎಂನಲ್ಲಿ, ಲೋಡ್ ಸುಮಾರು ಶೇಕಡ 70ರಿಂದ 80ರಷ್ಟಿರುವಾಗ ಇಂಧನವನ್ನು ಅತ್ಯಂತ ಚೆನ್ನಾಗಿ ಬಳಸಿಕೊಳ್ಳುತ್ತವೆ. ಪೆಡಲನ್ನು ಪೂರ್ತಿ ತುಳಿದರೆ ಹಲವು ಎಂಜಿನ್‌ಗಳು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣಕ್ಕೆ ಹೆಚ್ಚುವರಿ ಪೆಟ್ರೋಲ್ ಸೇರಿಸುವುದರಿಂದ ಆ ಲಾಭ ಕೈತಪ್ಪುತ್ತದೆ. ಸ್ವಲ್ಪ ದೃಢವಾಗಿ ವೇಗ ಹಿಡಿದು, ಬೇಗ ಬೇಗ ಮೇಲಿನ ಗೇರಿಗೆ ಹೋಗಿ, ಬೇಕಾದ ವೇಗ ಸಿಕ್ಕೊಡನೆ ಪೆಡಲ್ ಸಡಿಲಿಸುವುದು ಸರಿಯಾದ ಕ್ರಮ. ಎಂಜಿನ್ ನಡುಗಿದರೆ ಗೇರ್ ಇಳಿಸಲೇಬೇಕು. ಸಣ್ಣ ಟರ್ಬೊ ಎಂಜಿನ್‌ಗಳನ್ನಂತೂ ತೀರಾ ಕಡಿಮೆ ಆರ್‌ಪಿಎಂನಲ್ಲಿ ಬಲವಾಗಿ ತುಳಿಯಬಾರದು.

ಇನ್ನು, ಆ ಮೈಲೇಜ್ ಅಂಕಿ ಬರುವುದಾದರೂ ಎಲ್ಲಿಂದ? ಅಮೆರಿಕದಲ್ಲಿ 1996ರ ಮಾದರಿಯಿಂದ ಕಾರುಗಳಿಗೆ ಕಡ್ಡಾಯವಾದ ಈ 16 ಪಿನ್‌ಗಳ ಓಬಿಡಿ-2 ವ್ಯವಸ್ಥೆ ಹುಟ್ಟಿದ್ದು ಹೊಗೆಯ ಮಾಲಿನ್ಯದ ಮೇಲೆ ನಿಗಾ ಇಡುವುದಕ್ಕೆ, ಮೈಲೇಜ್ ತೋರಿಸುವುದಕ್ಕಲ್ಲ. ಬಹಳಷ್ಟು ಕಾರುಗಳಲ್ಲಿ ಆ್ಯಪ್‌ಗೆ ಸಿಗುವುದು ಎಂಜಿನ್ನಿನ ಒಳಹೋಗುವ ಗಾಳಿಯ ಲೆಕ್ಕ ಮಾತ್ರ. ಪೆಟ್ರೋಲ್ ಎಷ್ಟು ಎಂಬುದನ್ನು ಅದು ಊಹಿಸುತ್ತದೆ. ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ನಿಂತಲ್ಲೇ ಚಾಲೂ ಇರುವ ಎಂಜಿನ್ ಸೆಕೆಂಡಿಗೆ 3 ಗ್ರಾಂ ಗಾಳಿ ಎಳೆದುಕೊಳ್ಳುತ್ತಿದೆ ಎಂದು ಪರದೆ ತೋರಿಸಿದರೆ, 14.7ರಿಂದ ಭಾಗಿಸಿದಾಗ ಸೆಕೆಂಡಿಗೆ ಸುಮಾರು 0.2 ಗ್ರಾಂ, ಗಂಟೆಗೆ 735 ಗ್ರಾಂ, ಅಂದರೆ ಹೆಚ್ಚು ಕಡಿಮೆ ಒಂದು ಲೀಟರ್ ಪೆಟ್ರೋಲ್ ಎಂದಾಗುತ್ತದೆ. ಯಾರಿಗೋ ಕಾಯುತ್ತಾ ಹತ್ತು ನಿಮಿಷ ಎಂಜಿನ್ ಚಾಲೂ ಇಟ್ಟುಕೊಂಡು ಕುಳಿತರೆ ಒಂದು ದೊಡ್ಡ ಲೋಟದಷ್ಟು ಪೆಟ್ರೋಲ್ ಉರಿದುಹೋಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಕಾಣಿಸುವ ಅಂಕಿ ಬೇರೊಂದಿಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನದ ಪ್ರಮಾಣ ಸದಾ ಬದಲಾಗುವುದರಿಂದ ಈ ಭಾಗಾಕಾರ ನಡೆಯುವುದಿಲ್ಲ.

ಇದೇ ಲೆಕ್ಕ ಬಹಳ ಮುಖ್ಯವಾದ ಇನ್ನೊಂದು ಕಡೆ ಮೋಸಹೋಗುತ್ತದೆ. ಮುನ್ನೂರು ಮೀಟರ್ ಮುಂದೆ ಸಿಗ್ನಲ್ ಕೆಂಪಾಗಿದೆ ಎಂದುಕೊಳ್ಳಿ. ಕಾರನ್ನು ಗೇರಿನಲ್ಲೇ ಬಿಟ್ಟು ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆದರೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಇಂಧನ ಚುಚ್ಚುವ ಇಂಜೆಕ್ಟರುಗಳು ಸಂಪೂರ್ಣ ಮುಚ್ಚಿಕೊಂಡು, ಆರ್‌ಪಿಎಂ ಐಡ್ಲಿಂಗ್ (ನಿಂತಲ್ಲೇ ಚಾಲೂ ಇರುವ) ಮಟ್ಟದ ಸಮೀಪಕ್ಕೆ ಇಳಿಯುವವರೆಗೂ ಒಂದು ಹನಿ ಪೆಟ್ರೋಲೂ ಒಳಹೋಗುವುದಿಲ್ಲ. ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಟ್ಟರೆ ಎಂಜಿನ್ ತಾನಾಗಿಯೇ ತಿರುಗಲು ಪೆಟ್ರೋಲ್ ಸುಡುತ್ತಲೇ ಇರುತ್ತದೆ, ಕಾರಿನ ಮೇಲಿನ ಹಿಡಿತವೂ ತಗ್ಗುತ್ತದೆ. ಆದರೆ ಇಂಧನ ನಿಂತಾಗಲೂ ಗಾಳಿ ಹರಿಯುತ್ತಿರುವುದರಿಂದ, ಗಾಳಿಯನ್ನಷ್ಟೇ ನಂಬಿದ ಆ್ಯಪ್ ಗೇರಿನಲ್ಲಿರುವ ಕಾರಿಗೂ ಖರ್ಚು ತೋರಿಸುತ್ತದೆ. ‘ನ್ಯೂಟ್ರಲ್ಲೇ ಮೇಲು’ ಎಂಬ ನಂಬಿಕೆ ಈ ಸುಳ್ಳು ಅಂಕಿಯಿಂದ ಗಟ್ಟಿಯಾಗುವುದನ್ನು ಕಂಡು ನನಗೆ ನಿಜಕ್ಕೂ ಬೇಸರವಾಗಿದೆ. ಆ್ಯಪ್‌ನಲ್ಲಿ ಫ್ಯೂಯಲ್ ಸಿಸ್ಟಮ್ ಸ್ಟೇಟಸ್ ಎಂಬ ಮಾಹಿತಿ ಸಿಕ್ಕರೆ ಅದನ್ನು ತೆರೆದಿಟ್ಟುಕೊಳ್ಳಿ. ಕಾಲು ತೆಗೆದ ಮರುಕ್ಷಣ ಅದು ಕ್ಲೋಸ್ಡ್ ಲೂಪ್‌ನಿಂದ (ಹೊಗೆಯಲ್ಲಿನ ಆಮ್ಲಜನಕ ನೋಡಿ ಇಂಧನ ಹೊಂದಿಸುವ ಸ್ಥಿತಿ) ಓಪನ್ ಲೂಪ್‌ಗೆ (ಹಾಗೆ ಹೊಂದಿಸದ ಸ್ಥಿತಿ) ಬದಲಾದರೆ ಇಂಧನ ನಿಂತಿದೆ ಎಂದು ತಿಳಿಯಬಹುದು.

ಹೆದ್ದಾರಿಯ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 80 ಕಿ.ಮೀ.ಯಿಂದ 100ಕ್ಕೆ ಹೋದರೆ ಅದು ಶೇಕಡ 56ರಷ್ಟು ಹೆಚ್ಚುತ್ತದೆ. ಒಂದೇ ವೇಗದಲ್ಲಿ ಸಾಗುವಾಗ ಮಾತ್ರ ಆ ಕ್ಷಣದ ಮೈಲೇಜ್ ನಂಬಿಕೆಗೆ ಅರ್ಹ.

ಕಾರಿನ ಆರೋಗ್ಯ ಹೇಳುವ ಎರಡು ಅಂಕಿಗಳನ್ನು ವಾರಕ್ಕೊಮ್ಮೆ ನೋಡಿದರೂ ಸಾಕು. ಕೂಲಂಟ್ ತಾಪಮಾನ ಸಾಮಾನ್ಯವಾಗಿ 85 ಡಿಗ್ರಿ ಸೆಲ್ಸಿಯಸ್ ದಾಟಿ ನೆಲೆಗೊಳ್ಳಬೇಕು. ಎಷ್ಟು ದೂರ ಹೋದರೂ 70ರ ಹತ್ತಿರವೇ ಉಳಿದರೆ ಕೂಲಂಟಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿರಬಹುದು, ಎಂಜಿನ್ ತಣ್ಣಗಿದೆಯೆಂದು ಕಂಪ್ಯೂಟರ್ ಹೆಚ್ಚು ಇಂಧನ ಕೊಡುತ್ತಿರಬಹುದು. ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಇಂಧನದ ಲೆಕ್ಕಕ್ಕೆ ಕಂಪ್ಯೂಟರ್ ದೀರ್ಘಕಾಲದಲ್ಲಿ ಮಾಡಿಕೊಂಡ ತಿದ್ದುಪಡಿ, ಹೆಚ್ಚು ಅಥವಾ ಕಡಿಮೆ ಯಾವ ದಿಕ್ಕಿನಲ್ಲಾದರೂ ಶೇಕಡ 10ನ್ನು ಮೀರಿ ನಿಂತಿದ್ದರೆ, ಗಾಳಿ ಸೋರಿಕೆಯೋ ಕೊಳೆಯಾದ ಸೆನ್ಸರೋ ಇರಬಹುದೆಂದು ಮೆಕ್ಯಾನಿಕ್ಕಿಗೆ ತೋರಿಸಬೇಕು.

ಓಡಿಸುವಾಗ ಕಣ್ಣು ರಸ್ತೆಯ ಮೇಲೇ ಇರಲಿ. ಆ್ಯಪ್‌ನಲ್ಲಿ ಪ್ರಯಾಣವನ್ನು ದಾಖಲಿಸಿಕೊಂಡು, ಕಾರು ನಿಲ್ಲಿಸಿದ ಮೇಲೆ ಗ್ರಾಫ್ ನೋಡಿ, ಮರುದಿನ ಒಂದೇ ಅಭ್ಯಾಸವನ್ನು ಬದಲಿಸಿ. ಫಲಿತಾಂಶವನ್ನು ಆ್ಯಪ್‌ನಿಂದ ಅಳೆಯದೆ, ಟ್ಯಾಂಕ್ ತುಂಬಿಸಿ, ಮತ್ತೆ ತುಂಬಿಸುವವರೆಗಿನ ಕಿಲೋಮೀಟರನ್ನು ತುಂಬಿಸಿದ ಲೀಟರಿನಿಂದ ಭಾಗಿಸಿ ಅಳೆಯಿರಿ. ಎರಡು ಲೆಕ್ಕಗಳ ನಡುವೆ ಸತತವಾಗಿ ಒಂದೇ ಅಂತರವಿದ್ದರೆ, ಅಷ್ಟನ್ನು ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಸರಿಪಡಿಸಿಕೊಳ್ಳಬಹುದು.