ಪಿಎಫ್ ಚಲನ್ ಮೇಲಿನ ತಾರೀಖು

ಹೊಸ ಕಾಲೇಜಿನ ಆಡಿಟ್ ಸಿಕ್ಕಾಗ ನಾನು ಮೊದಲು ಬ್ಯಾಲೆನ್ಸ್ ಶೀಟ್ ಕೇಳುವುದಿಲ್ಲ. ಹಿಂದಿನ ಎರಡು ವರ್ಷದ ಪಿಎಫ್ ಚಲನ್‌ಗಳ ಫೈಲ್ ಕೊಡಿ ಎನ್ನುತ್ತೇನೆ. ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ತಾರೀಖುಗಳು 12, 14, 13 ಅಂತ ಇದ್ದರೆ ನಾನು ನೆಮ್ಮದಿಯಾಗಿ ಚಹಾ ಕುಡಿಯುತ್ತೇನೆ. ಕೆಲವು ಫೈಲ್‌ಗಳ ಕಥೆ ಬೇರೆ. ಅಕ್ಟೋಬರ್‌ವರೆಗೆ ಎಲ್ಲ ಸರಿ. ನವೆಂಬರ್‌ದು ಡಿಸೆಂಬರ್ 29ಕ್ಕೆ. ಡಿಸೆಂಬರ್‌ದು ಫೆಬ್ರವರಿ ಕೊನೆಗೆ. ಜನವರಿಯಿಂದ ಏಪ್ರಿಲ್‌ವರೆಗಿನ ನಾಲ್ಕೂ ತಿಂಗಳದ್ದು ಒಟ್ಟಿಗೆ ಜೂನ್ 20ಕ್ಕೆ.

ಜೂನ್‌ನಲ್ಲಿ ದುಡ್ಡು ಎಲ್ಲಿಂದ ಬಂತು? ಹೊಸ ಅಡ್ಮಿಷನ್. ಅಂದರೆ ಈಗ ತಾನೇ ಸೇರಿದ ಹುಡುಗ ಮುಂದಿನ ಒಂದು ವರ್ಷದ ಪಾಠಕ್ಕೆ ಕಟ್ಟಿದ ಫೀಸು, ಕಳೆದ ವರ್ಷ ಆಗಿಹೋದ ಪಾಠದ ಸಾಲ ತೀರಿಸಿತು. ಮುಂದಿನ ವರ್ಷ ಇದೇ ಹಳ್ಳ ಒಂದು ತಿಂಗಳು ಮುಂಚೆ ಶುರುವಾಗುತ್ತದೆ. ಬ್ಯಾಲೆನ್ಸ್ ಶೀಟ್ ಮಾರ್ಚ್ 31ರ ಒಂದು ದಿನದ ಫೋಟೋ. ಫೋಟೋಗೆ ಎಲ್ಲರೂ ತಲೆ ಬಾಚಿಕೊಂಡೇ ನಿಲ್ಲುತ್ತಾರೆ. ಚಲನ್‌ಗೆ ಅದು ಬರುವುದಿಲ್ಲ.

ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಧಾರವಾಡ, ಗದಗ, ಹಾವೇರಿ, ದಾವಣಗೆರೆ ಕಡೆಯ ಶಿಕ್ಷಣ ಸಂಸ್ಥೆಗಳ ಲೆಕ್ಕ ನೋಡುತ್ತಿದ್ದೇನೆ. ಜನರ ಕಣ್ಣಲ್ಲಿ ಖಾಸಗಿ ಕಾಲೇಜು ಅಂದರೆ ದುಡ್ಡಿನ ಗಣಿ. ಅಂಥವೂ ಇವೆ, ಇಲ್ಲ ಅನ್ನಲಾರೆ. ಆದರೆ ನನ್ನ ಕಪಾಟಿನಲ್ಲಿರುವ ಫೈಲ್‌ಗಳಲ್ಲಿ ಜಾಸ್ತಿ ಇರುವುದು ಇನ್ನೊಂದು ತರಹದ ಕಾಲೇಜು: ತಾಲೂಕು ಊರಿನ ಡಿಗ್ರಿ ಕಾಲೇಜು. ಲಾಭದಲ್ಲಿದ್ದೇವೆ ಎಂದು ಅದು ನಂಬಿರುತ್ತದೆ. ನಿಜಕ್ಕೂ ಇರುವುದಿಲ್ಲ.

ಒಂದನ್ನು ಹತ್ತಿರದಿಂದ ನೋಡೋಣ. ಹೆಸರು ಬೇಡ, ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇನೆ. ಬಿಕಾಂ, ಬಿಬಿಎ, ಬಿಸಿಎ ಮೂರು ಕೋರ್ಸು. ಒಂದೊಂದಕ್ಕೂ 60 ಸೀಟು, ಮೂರು ವರ್ಷ ಸೇರಿ 540. ಓದುತ್ತಿರುವವರು 310. ಸರಾಸರಿ ಫೀಸು 28,000 ರೂಪಾಯಿ. ಒಟ್ಟು ಆದಾಯ 86.8 ಲಕ್ಷ. 18 ಉಪನ್ಯಾಸಕರಿಗೆ ಸರಾಸರಿ 25,000ದಂತೆ ವರ್ಷಕ್ಕೆ 54 ಲಕ್ಷ. ಆಫೀಸು, ಲ್ಯಾಬು, ಜವಾನರು ಅಂತ 8 ಮಂದಿಗೆ 14.4 ಲಕ್ಷ. ಸಂಸ್ಥೆಯ ಪಾಲಿನ ಪಿಎಫ್ 5.6 ಲಕ್ಷ. ಕರೆಂಟು, ಇಂಟರ್‌ನೆಟ್, ವಿಶ್ವವಿದ್ಯಾಲಯದ ಸಂಯೋಜನೆ ಶುಲ್ಕ, ಸೆಕ್ಯುರಿಟಿ, ಎಲ್‌ಐಸಿ ಬಂದಾಗಿನ ಖರ್ಚು ಎಲ್ಲ ಸೇರಿ 9 ಲಕ್ಷ. (ಎಲ್‌ಐಸಿ ಅಂದರೆ ವಿಮೆಯವರಲ್ಲ, ವಿಶ್ವವಿದ್ಯಾಲಯ ಕಳಿಸುವ ಸ್ಥಳೀಯ ವಿಚಾರಣಾ ಸಮಿತಿ. ಅವರು ಬರುವ ಹಿಂದಿನ ದಿನ ಲೈಬ್ರರಿಯ ಧೂಳು ಹೋಗುತ್ತದೆ.) ಒಟ್ಟು ಖರ್ಚು 83 ಲಕ್ಷ.

ಆಡಳಿತ ಮಂಡಳಿ ಸಭೆಯಲ್ಲಿ ಮಂಡಕ್ಕಿ, ಮಿರ್ಚಿ ಬಂದಿತ್ತು. ಅಧ್ಯಕ್ಷರು ಹತ್ತಿ ವ್ಯಾಪಾರದಲ್ಲಿ ಪಳಗಿದವರು. ಖುಷಿಯಲ್ಲಿದ್ದರು.

"ನಾಕು ಲಕ್ಷ ಉಳದೈತ್ರೀ ಸಾಹೇಬ್ರ. ಈ ಸರ್ತಿ ಕಾಲೇಜು ಲಾಭದಾಗ ಐತಿ."

"3.8 ಲಕ್ಷ ರೀ. ಎಷ್ಟು ಹುಡುಗ್ರು ಕಡಿಮೆ ಆದ್ರ ಇದು ಹೋಗ್ತದ, ಲೆಕ್ಕ ಹಾಕೀರೇನು?"

ಹಾಕಿರಲಿಲ್ಲ. ಹದಿನಾಲ್ಕು. 310ರಲ್ಲಿ 14 ಮಂದಿ ಬರದಿದ್ದರೆ ಉಳಿತಾಯ ಸೊನ್ನೆಗಿಂತ ಕೆಳಗೆ. ಹತ್ತಿಯಲ್ಲಾದರೆ ಮಾಲು ಕಡಿಮೆ ಬಂದಾಗ ಹಮಾಲಿ ಕೂಲಿಯೂ ಕಡಿಮೆಯಾಗುತ್ತದೆ. ಇಲ್ಲಿ 14 ಹುಡುಗರು ಕಡಿಮೆಯಾದರೆ ಒಬ್ಬ ಮೇಷ್ಟ್ರನ್ನೂ ಕಡಿಮೆ ಮಾಡಲು ಬರುವುದಿಲ್ಲ. ಅರ್ಧ ತುಂಬಿದ ಬಿಬಿಎ ಕ್ಲಾಸಿಗೂ ಅಷ್ಟೇ ಪಿರಿಯಡ್, ಅಷ್ಟೇ ಸಂಬಳ. ಇನ್ನೊಂದು ಪೆಟ್ಟು ನಿಧಾನಕ್ಕೆ ಗೊತ್ತಾಗುತ್ತದೆ. ಈ ವರ್ಷ ಮೊದಲ ಸೆಮಿಸ್ಟರ್‌ಗೆ 20 ಮಂದಿ ಕಡಿಮೆ ಸೇರಿದರೆ ಆ ಖಾಲಿ ಜಾಗ ಮೂರು ವರ್ಷ ಕಾಲೇಜಿನಲ್ಲೇ ಇರುತ್ತದೆ. ಒಟ್ಟು 16.8 ಲಕ್ಷ ಹೋದಂತೆ.

ಅಧ್ಯಕ್ಷರು ಮಿರ್ಚಿ ಪಕ್ಕಕ್ಕಿಟ್ಟರು. ನಾನು ಆಗ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡಬೇಕಾದ ಇಡಿಗಂಟಿನ ವಿಷಯ ತೆಗೆದೆ.

ಮೇಷ್ಟ್ರುಗಳಿಗೆ ಗ್ರಾಚ್ಯುಟಿ ಇಲ್ಲ ಎಂದು ನಮ್ಮ ಎಷ್ಟೋ ಸಂಸ್ಥೆಗಳು ಇನ್ನೂ ನಂಬಿವೆ. ಒಂದು ಕಾಲದಲ್ಲಿ ಹಾಗೇ ಇತ್ತು. 2009ರಲ್ಲಿ ಕಾನೂನು ತಿದ್ದುಪಡಿಯಾಗಿ, 1997ರ ಏಪ್ರಿಲ್ 3ರಿಂದಲೇ ಅನ್ವಯವಾಗುವಂತೆ ಶಿಕ್ಷಕರನ್ನೂ ಸೇರಿಸಿದರು. ಖಾಸಗಿ ಶಾಲೆಗಳವರು ಕೋರ್ಟಿಗೆ ಹೋದರು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿ ಸರಿ ಎಂದಿತು. ಅಲ್ಲಿಗೆ ವಾದ ಮುಗಿಯಿತು. ಲೆಕ್ಕ ಸುಲಭ. ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 32,000 ಸಂಬಳದ, 22 ವರ್ಷ ದುಡಿದ ಕಾಮರ್ಸ್ ಮೇಷ್ಟ್ರು ನಿವೃತ್ತರಾದರೆ ಸುಮಾರು 4.06 ಲಕ್ಷ. ಆ ಕಾಲೇಜಿನ ಇಡೀ ವರ್ಷದ "ಲಾಭ"ಕ್ಕಿಂತ ಜಾಸ್ತಿ, ಅದೂ ಒಬ್ಬರಿಗೇ.

26 ಮಂದಿಯ ಒಟ್ಟು ಸಂಬಳಕ್ಕೆ ಇದೇ ಲೆಕ್ಕ ಹಾಕಿದರೆ ಪ್ರತಿ ವರ್ಷ ಸುಮಾರು 3.3 ಲಕ್ಷ ತೆಗೆದಿಡಬೇಕು. ಒಂದು ಪೈಸೆ ತೆಗೆದಿಟ್ಟಿರಲಿಲ್ಲ. ತೆಗೆದಿಟ್ಟಿದ್ದರೆ ಉಳಿಯುತ್ತಿದ್ದದ್ದು 50 ಸಾವಿರ. ಕಟ್ಟಡಕ್ಕೆ ಮೂವತ್ತು ವರ್ಷ. ಮಹಡಿ ಮೇಲಿನ ಎರಡು ಕ್ಲಾಸ್ ರೂಮುಗಳ ಚಾವಣಿ ಸೋರುತ್ತದೆ. ಆ 50 ಸಾವಿರಕ್ಕೆ ಒಂದು ರೂಮಿನ ಚಾವಣಿಯೂ ಆಗುವುದಿಲ್ಲ.

ಇದರಿಂದ ತಪ್ಪಿಸಿಕೊಳ್ಳಲು ಕೆಲವರು ಹಿಡಿದಿರುವ ದಾರಿ ನನಗೆ ಒಂಚೂರೂ ಹಿಡಿಸುವುದಿಲ್ಲ. ಮೇಷ್ಟ್ರನ್ನು ಜೂನ್‌ನಲ್ಲಿ ಸೇರಿಸಿ, ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿ, ಮತ್ತೆ ಜೂನ್‌ನಲ್ಲಿ ಹೊಸ ಆರ್ಡರ್ ಕೊಡುವುದು. ಗ್ರಾಚ್ಯುಟಿಯ ಹಕ್ಕು ತರುವ ಐದು ವರ್ಷದ ಸೇವೆ ಆಗಲೇಬಾರದು ಅಂತ. ಹತ್ತು ತಿಂಗಳ ಸಂಬಳ, ಹನ್ನೆರಡು ತಿಂಗಳ ಹೊಟ್ಟೆ. ಅಂಥ ಕಡೆ ಒಳ್ಳೆಯ ಮೇಷ್ಟ್ರು ನಿಲ್ಲುವುದಿಲ್ಲ, ಮೇಷ್ಟ್ರು ನಿಲ್ಲದ ಕಡೆ ಹುಡುಗರೂ ನಿಲ್ಲುವುದಿಲ್ಲ.

ಇನ್ನು 86.8 ಲಕ್ಷದ ಆದಾಯ. ಅದರಲ್ಲಿ 11 ಲಕ್ಷ ಬರಬೇಕಾದ ಬಾಕಿ. ಜಾಸ್ತಿ ಪಾಲು ಸ್ಕಾಲರ್‌ಶಿಪ್ ಮೂಲಕ ಬರುವ ಫೀಸು. ಆ ಮಕ್ಕಳನ್ನು ಫೀಸಿಲ್ಲದೆ ಸೇರಿಸಿಕೊಳ್ಳುತ್ತಾರೆ, ಸೇರಿಸಿಕೊಳ್ಳಬೇಕು ಕೂಡ. ಸರ್ಕಾರದ ದುಡ್ಡು ಬಂದಾಗ ಬರುತ್ತದೆ. ಆಧಾರ್ ಜೋಡಣೆ ಸರಿಯಿಲ್ಲದೆ ನಿಂತದ್ದು, ಹುಡುಗಿಯ ಖಾತೆಗೆ ಬಂದು ಮನೆ ಖರ್ಚಿಗೆ ಕರಗಿದ್ದು, ಎಲ್ಲ ಉಂಟು. ಪುಸ್ತಕದಲ್ಲಿ ಅದು ಆದಾಯ. ಬ್ಯಾಂಕಿನಲ್ಲಿ ಇಲ್ಲ. ಪಿಎಫ್ ಕಚೇರಿ "ಸ್ಕಾಲರ್‌ಶಿಪ್ ಬಂದ ಮೇಲೆ ಕಟ್ಟಿ" ಎನ್ನುವುದಿಲ್ಲ. ತಡವಾದರೆ ವರ್ಷಕ್ಕೆ ಶೇ 12 ಬಡ್ಡಿ, ಮೇಲೆ ದಂಡ.

ಹಾಗಾದರೆ ಇಂಥ ಕಾಲೇಜು ನಡೆಯುತ್ತಿರುವುದು ಹೇಗೆ? ಬಹಳ ಕಡೆ ಉತ್ತರ ಒಂದೇ. ಅದೇ ಆವರಣದಲ್ಲಿ ಪಿಯು ಕಾಲೇಜಿದೆ. ಪಿಯು ಸೈನ್ಸ್, ಜೊತೆಗೆ ನೀಟ್, ಸಿಇಟಿ ಕೋಚಿಂಗ್. ಡಿಗ್ರಿಗೆ 28,000 ಕೊಡಲು ಚೌಕಾಸಿ ಮಾಡುವ ಅಪ್ಪ, ಪಿಯು ಸೈನ್ಸ್‌ಗೆ ಅದರ ಮೂರು ಪಟ್ಟು ಸಾಲ ಮಾಡಿಯಾದರೂ ಕಟ್ಟುತ್ತಾನೆ. ಆ ದುಡ್ಡಲ್ಲಿ ಡಿಗ್ರಿ ಮೇಷ್ಟ್ರ ಸಂಬಳ ಆಗುತ್ತದೆ. ಅಕ್ಕ ದುಡಿದು ತಂಗಿಯನ್ನು ಸಾಕಿದ ಹಾಗೆ. ಪಿಯು ಮಾತ್ರ ಇದ್ದ ಸಂಸ್ಥೆ ಡಿಗ್ರಿ ತೆರೆಯಲೇ ಅಂತ ಕೇಳಿದರೆ ನಾನು ಈಗ ಬೇಡ ಎನ್ನುತ್ತೇನೆ.

ಮಾರ್ಚ್ ತಿಂಗಳ ಒಂದು ಚಾಳಿಯ ಬಗ್ಗೆ ಹೇಳಲೇಬೇಕು. ತೆರಿಗೆ ವಿನಾಯಿತಿ ಉಳಿಯಬೇಕಾದರೆ ಟ್ರಸ್ಟು ತನ್ನ ಆದಾಯದ ಶೇ 85ರಷ್ಟನ್ನು ಆ ವರ್ಷವೇ ತನ್ನ ಉದ್ದೇಶಕ್ಕೆ ಖರ್ಚು ಮಾಡಬೇಕು. ಇದನ್ನು ಮಂಡಳಿಗಳು ಅರ್ಥ ಮಾಡಿಕೊಳ್ಳುವ ರೀತಿ: "ಮಾರ್ಚ್‌ದೊಳಗ ಖಾಲಿ ಮಾಡ್ರಿ." ಆಗ ಬಸ್ಸು ಬರುತ್ತದೆ, ಕಾಂಪೌಂಡ್ ಏಳುತ್ತದೆ, ಸಭಾಭವನಕ್ಕೆ ಗುದ್ದಲಿ ಪೂಜೆ ಆಗುತ್ತದೆ. ಜೂನ್ ಬರುವಷ್ಟರಲ್ಲಿ ಕೈ ಬರಿದು. ಉಳಿಸುವುದಕ್ಕೂ ಕಾನೂನಿನಲ್ಲೇ ದಾರಿ ಇದೆ. ಉದ್ದೇಶ ಹೇಳಿ ಫಾರ್ಮ್ ತುಂಬಿದರೆ ಐದು ವರ್ಷ ಕೂಡಿಡಬಹುದು. ಗ್ರಾಚ್ಯುಟಿಗೆ ಅನುಮೋದಿತ ಗುಂಪು ನಿಧಿ ಮಾಡಿ ಹಣ ಕಟ್ಟಿದರೆ ಅದೂ ಖರ್ಚೇ. ಆದರೆ ನಿಧಿಗೆ ಹಣ ಕಟ್ಟಿದ್ದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ, ಅಲ್ವಾ? ಗೋಡೆ ಮೇಲೆ ಕಲ್ಲಿನಲ್ಲಿ ಹೆಸರು ಕೆತ್ತಿಸುವುದಿಲ್ಲ.

ಡೊನೇಷನ್ ವಿಷಯಕ್ಕೂ ಇಲ್ಲೇ ಬಂದುಬಿಡುತ್ತೇನೆ. ಕ್ಯಾಪಿಟೇಷನ್ ಶುಲ್ಕ (ಸೀಟು ಕೊಡಲು ಫೀಸಿನ ಮೇಲೆ ಕೇಳುವ ದುಡ್ಡು) ನಿಷೇಧಿಸಿ ಕರ್ನಾಟಕ 1984ರಲ್ಲೇ ಕಾನೂನು ಮಾಡಿದೆ. ನಮ್ಮದೇ ರಾಜ್ಯದಿಂದ ಹೋದ ಟಿ.ಎಂ.ಎ. ಪೈ ಫೌಂಡೇಷನ್ ಪ್ರಕರಣದಲ್ಲಿ, 2002ರಲ್ಲಿ, ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಹೇಳಿದ್ದೂ ಸ್ಪಷ್ಟ: ಅನುದಾನವಿಲ್ಲದ ಸಂಸ್ಥೆ ತನ್ನ ಫೀಸು ತಾನು ನಿಗದಿ ಮಾಡಬಹುದು, ಸಂಸ್ಥೆ ಬೆಳೆಸಲು ಬೇಕಾದಷ್ಟು ಉಳಿಸಬಹುದು, ಲಾಭಕೋರತನ ಮತ್ತು ಕ್ಯಾಪಿಟೇಷನ್ ಕೂಡದು. ಕಾನೂನು ಬದಿಗಿಡಿ, ಲೆಕ್ಕದವನಾಗಿ ಹೇಳುತ್ತೇನೆ. ರಸೀದಿ ಇಲ್ಲದ ದುಡ್ಡು ಕಾಲೇಜಿನ ಪುಸ್ತಕಕ್ಕೆ ಬರುವುದೇ ಇಲ್ಲ. ಅದರಿಂದ ಚಾವಣಿ ರಿಪೇರಿ ಆಗುವುದಿಲ್ಲ, ಗ್ರಾಚ್ಯುಟಿಯೂ ಆಗುವುದಿಲ್ಲ. ಕಾಲೇಜು ಬಡವಾಗಿರುತ್ತದೆ, ಯಾರದೋ ಮನೆ ಮಾತ್ರ ದೊಡ್ಡದಾಗಿರುತ್ತದೆ.

ಎಂಜಿನಿಯರಿಂಗ್ ಕಾಲೇಜುಗಳ ರೋಗ ಬೇರೆ. ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟರೆ, ಅನುದಾನರಹಿತ ಖಾಸಗಿ ಕಾಲೇಜಿನಲ್ಲಿ 100ಕ್ಕೆ 45 ಸೀಟು ಸಿಇಟಿಗೆ, 30 ಕಾಮೆಡ್-ಕೆಗೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ), 25 ಮ್ಯಾನೇಜ್‌ಮೆಂಟ್ ಮತ್ತು ಎನ್‌ಆರ್‌ಐಗೆ. ಸಿಇಟಿ ಸೀಟಿನ ಫೀಸು ಎಲ್ಲಕ್ಕಿಂತ ಕಡಿಮೆ. ಉಳಿದ 55 ತುಂಬಿದರೆ ಮಾತ್ರ ಗಾಡಿ ಓಡುತ್ತದೆ. ಬೆಂಗಳೂರಿನ ಹೆಸರುವಾಸಿ ಕಾಲೇಜಿನಲ್ಲಿ ಅದು ತುಂಬಿ ತುಳುಕುತ್ತದೆ. ಜಿಲ್ಲಾ ಊರಿನ ಹೊರಗೆ ಬ್ಯಾಂಕ್ ಸಾಲದಲ್ಲಿ ಕಟ್ಟಿದ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ತುಂಬುತ್ತದೆ, ಸಿವಿಲ್, ಮೆಕ್ಯಾನಿಕಲ್ ಖಾಲಿ ಹೊಡೆಯುತ್ತವೆ. ಲೇತ್ ಮೆಷಿನ್‌ಗಳ ಮೇಲೆ ಹೊದಿಸಿದ ಪ್ಲಾಸ್ಟಿಕ್ ಹಾಳೆಯನ್ನು ನಾನು ಆಸ್ತಿ ಎಣಿಸಲು ಹೋದಾಗಷ್ಟೇ ತೆಗೆಯುತ್ತಾರೆ. ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಸೀಟಿನ ಗರಿಷ್ಠ ಮಿತಿಯನ್ನು ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ 2024-25ರಿಂದ ತೆಗೆದುಬಿಟ್ಟಿತು. ಮೊದಲು ಬೆಂಗಳೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಸಿಗದ ಹುಡುಗ ನಮ್ಮ ಕಡೆ ಬರುತ್ತಿದ್ದ. ಈಗ ಅವನಿಗೆ ಅಲ್ಲೇ ಸಿಗುತ್ತದೆ.

ಡಿಗ್ರಿ ಕಾಲೇಜಿಗೂ ನಿಯಮಗಳ ಕಾಟ ಕಡಿಮೆಯೇನಿಲ್ಲ. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಬಂತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ನಾಲ್ಕನೇ ವರ್ಷಕ್ಕೆಂದು ಎರಡು ರೂಮು ಕಟ್ಟಿಸಿದ ನನ್ನ ಕಕ್ಷಿದಾರರೊಬ್ಬರು ಅಲ್ಲಿ ಈಗ ಹಳೇ ಬೆಂಚು ಇಟ್ಟಿದ್ದಾರೆ. ಅದೇ 2024ರಲ್ಲಿ ಬಿಸಿಎ, ಬಿಬಿಎ ಕೂಡ ಎಐಸಿಟಿಇ ಅಡಿಗೆ ಬಂದವು.

ಮತ್ತೆ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಒಳ್ಳೆಯ ಯೋಜನೆ, ನನಗೆ ಖುಷಿ ಇದೆ. ಆದರೆ ತಾಲೂಕು ಕಾಲೇಜಿನ ಪ್ರಿನ್ಸಿಪಾಲರು ನನಗೆ ಹಾಜರಿ ಪುಸ್ತಕ ತೆರೆದು ತೋರಿಸಿದರು. ಮೊದಲು ಊರಲ್ಲೇ ಓದುತ್ತಿದ್ದ ಹೆಣ್ಣುಮಕ್ಕಳು ಈಗ ಜಿಲ್ಲಾ ಕೇಂದ್ರದ ಕಾಲೇಜಿಗೆ ಹೋಗುತ್ತಿದ್ದಾರೆ. ಟಿಕೆಟ್ ಇಲ್ಲದ ಮೇಲೆ 40 ಕಿಲೋಮೀಟರ್ ದೂರವಲ್ಲ. ಅವರಿಗೆ ಆಯ್ಕೆ ಸಿಕ್ಕಿತು. ಹತ್ತಿರದಲ್ಲಿದೆ ಅನ್ನುವ ಒಂದೇ ಬಲದ ಮೇಲೆ ನಿಂತಿದ್ದ ಕಾಲೇಜಿಗೆ ಆ ಬಲ ಹೋಯಿತು.

ಎಲ್ಲಕ್ಕಿಂತ ದೊಡ್ಡ ಸಂಗತಿ ಸಭೆಗಳಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2019-21ರಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಲು 2.1 ಬೇಕು. ಕಾಲೇಜು ಇಂದು ಹುಟ್ಟಿದ ಮಗುವನ್ನು ನೋಡುವುದು 18 ವರ್ಷ ಆದ ಮೇಲೆ. ಹಾಗಾಗಿ ಅಂಗನವಾಡಿಯಲ್ಲಿ, ಪ್ರಾಥಮಿಕ ಶಾಲೆಯಲ್ಲಿ ಈಗಾಗಲೇ ಕಾಣುವ ಖಾಲಿ ಬೆಂಚು ಕಾಲೇಜಿಗೆ ಇನ್ನೂ ಬಂದಿಲ್ಲ. ದಾರಿಯಲ್ಲಿದೆ. ಹದಿನೈದು ವರ್ಷದ ಅವಧಿಗೆ ಕಟ್ಟಡ ಸಾಲ ತೆಗೆಯಲು ಬರುವವರಿಗೆ ನಾನು ಪಕ್ಕದ ಪ್ರಾಥಮಿಕ ಶಾಲೆಯ ಒಂದನೇ ತರಗತಿಯ ಸಂಖ್ಯೆ ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಒಬ್ಬರು ನಿಜಕ್ಕೂ ಕೇಳಿಕೊಂಡು ಬಂದರು. ಸಾಲ ತೆಗೆಯಲಿಲ್ಲ.

ಹತ್ತಿ ವ್ಯಾಪಾರದ ಅಧ್ಯಕ್ಷರಿಗೆ ನಾನು ಹೇಳಿದ್ದು ಎರಡೇ ಮಾತು. ಬಿಬಿಎ ಹಂತ ಹಂತವಾಗಿ ನಿಲ್ಲಿಸಿ. ಮೊದಲ ವರ್ಷಕ್ಕೆ ಅಡ್ಮಿಷನ್ ಬೇಡ, ಈಗಿರುವವರು ಪಾಸಾಗಿ ಹೋಗಲಿ. ಎರಡನೆಯದು, ಅದೇ ಊರಿನ ಇನ್ನೊಂದು ಸಂಸ್ಥೆಯ ಜೊತೆ ಸೇರಿಬಿಡಿ. ಅವರದ್ದೂ ಬಿಕಾಂ ಅರ್ಧ ಖಾಲಿ, ಇವರದ್ದೂ ಅರ್ಧ ಖಾಲಿ. ಎರಡು ಪ್ರಿನ್ಸಿಪಾಲರು, ಎರಡು ಲೈಬ್ರರಿ, ಎರಡು ಸಂಯೋಜನೆ ಶುಲ್ಕ.

"ಬಾಗಲಾ ಹಾಕಿ ಜಾಗಾ ಮಾರಿದ್ರ?" ಎಂದು ಒಬ್ಬ ನಿರ್ದೇಶಕರು ಕೇಳಿದರು. ಮಾರಿ ಹಂಚಿಕೊಳ್ಳಲು ಅದು ಯಾರ ಸ್ವಂತದ್ದೂ ಅಲ್ಲ. 2016ರಿಂದ ಇನ್ನೂ ಒಂದು ಬೀಗ ಇದೆ. ಟ್ರಸ್ಟು ವಿಸರ್ಜಿಸಿ, 12 ತಿಂಗಳೊಳಗೆ ಆಸ್ತಿಯನ್ನು ಇನ್ನೊಂದು ನೋಂದಾಯಿತ ಧರ್ಮಾರ್ಥ ಸಂಸ್ಥೆಗೆ ಒಪ್ಪಿಸದಿದ್ದರೆ, ಇಂದಿನ ಮಾರುಕಟ್ಟೆ ಬೆಲೆಯಲ್ಲಿ ಸಾಲ ಕಳೆದು ಉಳಿದದ್ದರ ಮೇಲೆ ಗರಿಷ್ಠ ದರದ ತೆರಿಗೆ. ಅದೇ ಉದ್ದೇಶದ ಇನ್ನೊಂದು ನೋಂದಾಯಿತ ಸಂಸ್ಥೆಯಲ್ಲಿ ವಿಲೀನವಾದರೆ ಆ ತೆರಿಗೆ ಇಲ್ಲ.

ಎರಡೂ ಮಂಡಳಿಗಳು ಒಂದು ಭಾನುವಾರ ಕೂತವು. ನಾನೂ ಇದ್ದೆ. ಸಾಲ ಯಾರ ಪಾಲಿಗೆ, ಮೇಷ್ಟ್ರುಗಳ ಸೀನಿಯಾರಿಟಿ ಹೇಗೆ, ಗ್ರಾಚ್ಯುಟಿ ಹೊಣೆ ಯಾರದ್ದು, ಇದೆಲ್ಲ ಎರಡು ಗಂಟೆಯಲ್ಲಿ ಮುಗಿಯಿತು. ಆಮೇಲೆ ಗೇಟಿನ ಬೋರ್ಡ್ ಮೇಲೆ ಯಾರ ಹೆಸರು ಮೊದಲು ಅನ್ನುವ ಮಾತು ಬಂತು. ಒಬ್ಬರ ಅಜ್ಜ ಜಾಗ ಕೊಟ್ಟವರು, ಇನ್ನೊಬ್ಬರ ಅಪ್ಪ ಊರಿಗೆ ಮೊದಲ ಕಾಲೇಜು ತಂದವರು. ಮೂರು ಗಂಟೆ ಅದೇ ನಡೆಯಿತು. ಎರಡು ಸಲ ಚಹಾ ಬಂತು. ದಸರಾ ಆದ ಮೇಲೆ ನೋಡೋಣ ಎಂದು ಎದ್ದರು. ಹೊರಡುವಾಗ ಅಕೌಂಟೆಂಟ್ ಗೇಟಿನವರೆಗೆ ಬಂದು, ಮೇ ತಿಂಗಳ ಪಿಎಫ್ ಇನ್ನೂ ಕಟ್ಟಿಲ್ಲ ಸರ್ ಎಂದ.