ಉದ್ದ ಕೂದಲಿನ ಬೆಕ್ಕಿಗೆ ಒಣ ಆಹಾರ: ಚೀಲದ ಹಿಂಬದಿಯನ್ನು ಓದುವ ಬಗೆ

ದಾವಣಗೆರೆಯಲ್ಲಿ ಪರ್ಷಿಯನ್ ಬೆಕ್ಕು ಸಾಕಿರುವ ಮನೆಗಳಲ್ಲಿ ಸಸ್ಯಾಹಾರಿಗಳ ಮನೆಗಳೂ ಇವೆ. ಅಡುಗೆಮನೆಗೆ ಮಾಂಸ ತರಲಾಗದ ಇಂತಹ ಮನೆಗಳಿಗೆ ಒಣ ಆಹಾರದ ಚೀಲವೇ ಅನುಕೂಲದ ದಾರಿ. ಹಾಲು, ಮೊಸರನ್ನಗಳ ಮೇಲೆಯೇ ಬೆಕ್ಕನ್ನು ಸಾಕುವುದಕ್ಕಿಂತ ಅದು ಎಷ್ಟೋ ಮೇಲು. (ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲಿನ ಲ್ಯಾಕ್ಟೋಸ್ ಎಂಬ ಸಕ್ಕರೆ ಸರಿಯಾಗಿ ಅರಗುವುದಿಲ್ಲ ಎಂದು ಮನೆಯ ಹಿರಿಯರನ್ನು ಒಪ್ಪಿಸುವುದು ಬೇರೆಯೇ ಸಾಹಸ.) ಆದರೆ ಅಂಗಡಿಯಲ್ಲಿ ಚೀಲ ಆರಿಸುವಾಗ ನಮ್ಮ ಕಣ್ಣು ಮೊದಲು ಹೋಗುವುದು ಮುಂಬದಿಯ ಚಿತ್ರಕ್ಕೆ ಮತ್ತು 'ಹೊಳೆಯುವ ಕೂದಲಿಗಾಗಿ' ಎಂಬ ದಪ್ಪಕ್ಷರಕ್ಕೆ. ಆಯ್ಕೆಗೆ ನಿಜವಾಗಿ ನೆರವಾಗುವ ಮಾಹಿತಿ ಹಿಂಬದಿಯ ಸಣ್ಣ ಅಕ್ಷರಗಳಲ್ಲಿದೆ. ಕೆಲವೊಮ್ಮೆ ಅದರ ಮೇಲೆಯೇ ಬೆಲೆಯ ಚೀಟಿ ಅಂಟಿಸಿರುತ್ತಾರೆ. ಒಂದರಿಂದ ಏಳು ವರ್ಷದೊಳಗಿನ, ಆರೋಗ್ಯವಂತ ಬೆಕ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿ ಬರೆದಿದ್ದೇನೆ. ಮರಿಗಳು, ಗಬ್ಬದ ಬೆಕ್ಕುಗಳು ಮತ್ತು ಮೂತ್ರಪಿಂಡದ ತೊಂದರೆಯುಳ್ಳ ಬೆಕ್ಕುಗಳ ಲೆಕ್ಕ ಬೇರೆ.

ಬೆಕ್ಕು ಕಟ್ಟುನಿಟ್ಟಾದ ಮಾಂಸಾಹಾರಿ ಎಂಬುದಕ್ಕೆ ಕಾರಣ ಅದರ ಯಕೃತ್ತಿನಲ್ಲಿದೆ, ಅಭ್ಯಾಸದಲ್ಲಲ್ಲ. ನಮ್ಮ ದೇಹ ಕ್ಯಾರೆಟ್ಟಿನ ಬೀಟಾ ಕ್ಯಾರೋಟಿನ್ನಿನಿಂದ ಎ ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಅದು ಸಾಧ್ಯವಿಲ್ಲವಾದ್ದರಿಂದ ಆ ಜೀವಸತ್ವ ಸಿದ್ಧರೂಪದಲ್ಲಿಯೇ ಸಿಗಬೇಕು. ಅರಾಕಿಡೋನಿಕ್ ಆಮ್ಲವೆಂಬ ಕೊಬ್ಬಿನಾಮ್ಲವನ್ನೂ ಸಸ್ಯದೆಣ್ಣೆಯಿಂದ ಅದು ಸಾಕಷ್ಟು ತಯಾರಿಸಿಕೊಳ್ಳಲಾರದು. ಮಾಂಸದಿಂದ ಸಿಗುವ ಟಾರಿನ್ ಎಂಬ ಅಮೈನೊ ಆಮ್ಲದ ಕೊರತೆಯ ವಿಷಯವಂತೂ ಹೆಚ್ಚು ಗಂಭೀರ. ಟಾರಿನ್ ಕಡಿಮೆಯಾದರೆ ಬೆಕ್ಕಿನ ಅಕ್ಷಿಪಟಲ ಕ್ಷೀಣಿಸುತ್ತದೆ ಎಂಬುದು 1970ರ ದಶಕದಲ್ಲಿ ತಿಳಿಯಿತು. 1987ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಪಿಯಾನ್ ಮತ್ತು ಸಂಗಡಿಗರು, ಹೃದಯದ ಸ್ನಾಯು ತೆಳುವಾಗಿ ಹಿಗ್ಗಿ ಬೆಕ್ಕುಗಳು ಸಾಯುತ್ತಿದ್ದುದಕ್ಕೂ ಇದೇ ಕೊರತೆ ಕಾರಣವೆಂದು ತೋರಿಸಿದರು. ಆ ಬೆಕ್ಕುಗಳು ತಿನ್ನುತ್ತಿದ್ದುದು ಅಂಗಡಿಯಲ್ಲಿ ಮಾರುತ್ತಿದ್ದ ಸಿದ್ಧ ಆಹಾರವನ್ನೇ. ಆಮೇಲೆ ತಯಾರಕರು ಟಾರಿನ್ ಪ್ರಮಾಣವನ್ನು ಹೆಚ್ಚಿಸಿದರು. ಆದ್ದರಿಂದ ಚೀಲದ ಪದಾರ್ಥಗಳ ಪಟ್ಟಿಯಲ್ಲಿ ಟಾರಿನ್ ಹೆಸರಿದೆಯೇ ಎಂದು ನೋಡುವುದು ಮೊದಲ ಕೆಲಸ. ಅದರ ಜೊತೆಗೇ, ಆಹಾರವು ವಯಸ್ಕ ಬೆಕ್ಕುಗಳಿಗೆ 'ಸಂಪೂರ್ಣ ಮತ್ತು ಸಮತೋಲಿತ' ಎಂಬ ಹೇಳಿಕೆಯನ್ನೂ ಹುಡುಕಬೇಕು. ಆ ಹೇಳಿಕೆ ಇಲ್ಲದ ಪೊಟ್ಟಣವನ್ನು ತಿಂಡಿ ಎಂದಷ್ಟೇ ಪರಿಗಣಿಸುವುದು ಕ್ಷೇಮ.

ಆಫ್ಕೊ ಎಂದು ಕರೆಯಲಾಗುವ ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಸಂಘದ ಮಾನದಂಡದ ಪ್ರಕಾರ, ವಯಸ್ಕ ಬೆಕ್ಕಿನ ಆಹಾರದಲ್ಲಿ ತೇವಾಂಶ ಕಳೆದು ಕನಿಷ್ಠ ಶೇ. 26 ಪ್ರೋಟೀನ್, ಶೇ. 9 ಕೊಬ್ಬು ಮತ್ತು, ಒಣ ಕಾಳಿನ ರೂಪದ ಆಹಾರವಾದರೆ, ಶೇ. 0.1 ಟಾರಿನ್ ಇರಬೇಕು. 'ತೇವಾಂಶ ಕಳೆದು' ಎಂಬ ಮಾತನ್ನು ಕಲಿಯುವವರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಚೀಲದ ಮೇಲೆ ಪ್ರೋಟೀನ್ ಶೇ. 34, ತೇವಾಂಶ ಶೇ. 10 ಎಂದಿದ್ದರೆ, 34ನ್ನು, ನೂರರಲ್ಲಿ ತೇವಾಂಶದ 10 ಕಳೆದು ಉಳಿದ 90ರಿಂದ ಭಾಗಿಸಿ ನೂರರಿಂದ ಗುಣಿಸಿದಾಗ ಸುಮಾರು 37.8 ಬರುತ್ತದೆ. ಪಕ್ಕದಲ್ಲಿಯೇ ನೇತುಹಾಕಿರುವ ಗ್ರೇವಿ ಪೌಚಿನ ಮೇಲೆ ಪ್ರೋಟೀನ್ ಬರೀ ಶೇ. 10 ಎಂದಿರಬಹುದು; ಆದರೆ ಅದರಲ್ಲಿ ನೀರು ಶೇ. 80 ಇದ್ದರೆ, ಇದೇ ಲೆಕ್ಕದಲ್ಲಿ ಪ್ರೋಟೀನ್ ಶೇ. 50 ಆಗುತ್ತದೆ. ಹೀಗೆ ಸಮನಾದ ನೆಲೆಗೆ ತಾರದೆ ಎರಡು ಚೀಲಗಳನ್ನು ಹೋಲಿಸುವುದು ವ್ಯರ್ಥ.

ಆ ಅಂಕಿಗೂ ಒಂದು ಮಿತಿಯಿದೆ. 'ಕಚ್ಚಾ ಪ್ರೋಟೀನ್' ಎಂಬುದನ್ನು ಅಳೆಯುವಾಗ ಪ್ರಯೋಗಾಲಯದಲ್ಲಿ ನಿಜವಾಗಿ ಅಳೆಯುವುದು ಸಾರಜನಕವನ್ನು, ಅದನ್ನು 6.25ರಿಂದ ಗುಣಿಸಿ ಪ್ರೋಟೀನ್ ಎಂದು ಬರೆಯುತ್ತಾರೆ. ಆ ಸಾರಜನಕ ಕೋಳಿಯಿಂದ ಬಂದಿತೋ ಮೆಕ್ಕೆಜೋಳದಿಂದ ಬಂದಿತೋ ಎಂಬುದನ್ನು ಅಂಕಿ ಹೇಳುವುದಿಲ್ಲ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಎಲ್ಲೆಲ್ಲೂ ಕಾಣುವ ಮೆಕ್ಕೆಜೋಳದಿಂದ ಪಿಷ್ಟವನ್ನು ಬೇರ್ಪಡಿಸಿದ ಮೇಲೆ ಉಳಿಯುವ ಗ್ಲುಟೆನ್ ಹಿಟ್ಟಿನಲ್ಲಿ ಸುಮಾರು ಶೇ. 60 ಪ್ರೋಟೀನ್ ಇರುತ್ತದೆ, ಆದರೆ ಲೈಸಿನ್ ಎಂಬ ಅಗತ್ಯ ಅಮೈನೊ ಆಮ್ಲ ಕಡಿಮೆ, ಟಾರಿನ್ ಇಲ್ಲ. ಅದು ವಿಷವೇನಲ್ಲ, ಅದೇ ಮುಖ್ಯ ಪ್ರೋಟೀನ್ ಆಗಬಾರದು ಎಂಬುದಷ್ಟೇ ನನ್ನ ಆಕ್ಷೇಪ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯುವುದು ರೂಢಿ. ಹಸಿ ಕೋಳಿಮಾಂಸದ ಬಹುಪಾಲು ನೀರೇ ಆಗಿರುವುದರಿಂದ ಅದು ಪಟ್ಟಿಯ ತಲೆಯಲ್ಲಿದ್ದರೂ, ಕಾಳು ಒಣಗಿದ ಮೇಲೆ ಅದರ ಪಾಲು ಕುಗ್ಗುತ್ತದೆ. ನೀರು ತೆಗೆದು ಪುಡಿ ಮಾಡಿದ 'ಚಿಕನ್ ಮೀಲ್' ಮೊದಲ ಅಥವಾ ಎರಡನೆಯ ಸ್ಥಾನದಲ್ಲಿದ್ದರೆ ಆ ಚೀಲದ ಮೇಲೆ ನನಗೆ ಹೆಚ್ಚು ನಂಬಿಕೆ. ಮೆಕ್ಕೆಜೋಳ, ಮೆಕ್ಕೆಜೋಳದ ಗ್ಲುಟೆನ್, ಅಕ್ಕಿ, ಅಕ್ಕಿತೌಡು ಎಂದು ಧಾನ್ಯವನ್ನೇ ಬಿಡಿಬಿಡಿಯಾಗಿ ನಮೂದಿಸಿದ್ದರೆ, ಅವನ್ನೆಲ್ಲ ಒಟ್ಟು ಸೇರಿಸಿ ಓದಬೇಕು.

ಒಣ ಕಾಳಿನಲ್ಲಿ ಧಾನ್ಯ ಏಕೆ ಬೇಕು ಎಂಬುದಕ್ಕೆ ದಾವಣಗೆರೆಯವರು ಮಂಡಕ್ಕಿ ಭಟ್ಟಿಯನ್ನು ನೆನೆದರೆ ಸಾಕು. ಕಾದ ಮರಳಿನಲ್ಲಿ ಅಕ್ಕಿ ಅರಳುವುದು ಅದರೊಳಗಿನ ಪಿಷ್ಟ ಮತ್ತು ತೇವದಿಂದ. ಬೆಕ್ಕಿನ ಕಾಳನ್ನು ತಯಾರಿಸುವ ಯಂತ್ರದಲ್ಲಿಯೂ ಬಿಸಿ ಮತ್ತು ಒತ್ತಡದಲ್ಲಿ ಬೆಂದ ಹಿಟ್ಟು ರಂಧ್ರದಿಂದ ಹೊರಬಂದೊಡನೆ ಪಿಷ್ಟದ ಬಲದಿಂದಲೇ ಉಬ್ಬಿ, ಆಕಾರ ಹಿಡಿದು ನಿಲ್ಲುತ್ತದೆ. ಹಾಗಾಗಿ 'ಧಾನ್ಯರಹಿತ' ಎಂದು ದುಬಾರಿಗೆ ಮಾರುವ ಚೀಲದಲ್ಲಿ ಬಟಾಣಿ, ಆಲೂಗಡ್ಡೆ ಅಥವಾ ಮರಗೆಣಸು ಇದ್ದೇ ಇರುತ್ತವೆ. ಪಿಷ್ಟದ ಪ್ರಮಾಣವನ್ನು ಬಹಳಷ್ಟು ಚೀಲಗಳು ಹೇಳುವುದಿಲ್ಲ, ನಾವೇ ಕಳೆಯಬೇಕು. ಪ್ರೋಟೀನ್ 34, ಕೊಬ್ಬು 15, ನಾರು 5, ಬೂದಿ (ಅಂದರೆ ಖನಿಜಾಂಶ) 8, ತೇವಾಂಶ 10 ಎಂದಿದ್ದರೆ ಒಟ್ಟು 72. ಉಳಿದ 28 ಶರ್ಕರಪಿಷ್ಟ, ಅದರಲ್ಲಿ ಬಹುಪಾಲು ಪಿಷ್ಟವೇ. ಚೀಲದಲ್ಲಿ ಪ್ರೋಟೀನ್ ಮತ್ತು ಕೊಬ್ಬಿಗೆ ಕನಿಷ್ಠ ಅಂಕಿಯನ್ನೂ ನಾರು ಮತ್ತು ತೇವಾಂಶಕ್ಕೆ ಗರಿಷ್ಠ ಅಂಕಿಯನ್ನೂ ಕೊಡುವುದರಿಂದ ಇದು ಅಂದಾಜು ಮಾತ್ರ, ಆದರೂ ಎರಡು ಚೀಲಗಳ ನಡುವೆ ತೀರ್ಮಾನಿಸಲು ಸಾಲುತ್ತದೆ.

ಇನ್ನು ಉದ್ದ ಕೂದಲಿನ ವಿಶೇಷ. ಕೂದಲು ಬಹುತೇಕ ಕೆರಾಟಿನ್ ಎಂಬ ಪ್ರೋಟೀನು. ಗಂಧಕವುಳ್ಳ ಅಮೈನೊ ಆಮ್ಲಗಳಾದ ಮೆಥಿಯೋನಿನ್ ಮತ್ತು ಸಿಸ್ಟೀನ್ ಅದಕ್ಕೆ ಬೇಕು, ಇವು ಮಾಂಸ, ಮೀನು, ಮೊಟ್ಟೆಗಳಲ್ಲಿ ಚೆನ್ನಾಗಿವೆ. ಹೊಳಪು ಮತ್ತು ಚರ್ಮದ ಮೃದುತ್ವ ಕೊಬ್ಬಿನಾಮ್ಲಗಳಿಗೆ ಸಂಬಂಧಿಸಿದ್ದು. ಕೋಳಿಕೊಬ್ಬಿನಿಂದ ಒಮೆಗಾ 6 ಸಿಗುತ್ತದೆ. ಒಮೆಗಾ 3ಕ್ಕೆ ಮೀನೆಣ್ಣೆ ಇರಬೇಕು. ಅಗಸೆ ಎಣ್ಣೆ ಸಾಕಲ್ಲವೇ ಎಂದು ಸಸ್ಯಾಹಾರಿ ಗೆಳೆಯರು ಕೇಳುವುದುಂಟು. ಅಗಸೆಯಲ್ಲಿರುವ ಒಮೆಗಾ 3 ಅನ್ನು ಮೀನೆಣ್ಣೆಯಲ್ಲಿರುವ ರೂಪಕ್ಕೆ ಪರಿವರ್ತಿಸುವ ಶಕ್ತಿ ಬೆಕ್ಕಿಗೆ ತೀರ ಕಡಿಮೆ, ಹಾಗಾಗಿ ಸಾಲದು. ಆಹಾರ ಬದಲಿಸಿದ ಪರಿಣಾಮ ಕೂದಲಿನಲ್ಲಿ ಕಾಣಲು ಆರರಿಂದ ಎಂಟು ವಾರ ಬೇಕಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಚೀಲ ಬದಲಿಸುವವರಿಗೆ ಏನೂ ತಿಳಿಯುವುದಿಲ್ಲ.

ಮೈ ನೆಕ್ಕಿಕೊಳ್ಳುವಾಗ ನಾಲಗೆಯ ಹಿಂಬಾಗಿದ ಮುಳ್ಳುಗಳಿಗೆ ಸಿಕ್ಕ ಕೂದಲನ್ನು ಬೆಕ್ಕು ಉಗುಳಲಾರದು, ನುಂಗಲೇಬೇಕು. ಉದ್ದ ಕೂದಲಿನ ಬೆಕ್ಕು ವಾಂತಿ ಮಾಡಿದಾಗ ಬೀಳುವ ಉಂಡೆ, ಹೆಸರಿಗೆ ಉಂಡೆಯಾದರೂ, ಬೆರಳುದ್ದದ ಒದ್ದೆ ಬತ್ತಿಯ ಹಾಗಿರುತ್ತದೆ. ಆಹಾರದಲ್ಲಿ ನಾರಿನಂಶವಾಗಿ ಸೆಲ್ಯುಲೋಸ್, ಬೀಟ್‌ರೂಟ್ ಜಾತಿಯ ಸಕ್ಕರೆಗೆಡ್ಡೆಯ ತಿರುಳು ಅಥವಾ ನಮಗೆ ಪರಿಚಿತವಾದ ಇಸಬ್ಗೋಲ್ ಇದ್ದರೆ ಕೂದಲು ಕರುಳಿನ ಮೂಲಕ ಮಲದೊಡನೆ ಸಾಗಲು ನೆರವಾಗಬಹುದು. ನಾರು ಹೆಚ್ಚಿದಷ್ಟೂ ಒಳ್ಳೆಯದೆಂದಲ್ಲ. ಅತಿಯಾದರೆ ಮಲ ಹೆಚ್ಚುತ್ತದೆ, ಇತರ ಪೋಷಕಾಂಶಗಳ ಜೀರ್ಣ ಕುಗ್ಗುತ್ತದೆ. ಎಷ್ಟೇ ನಾರು ತಿನ್ನಿಸಿದರೂ ದಿನವೂ ಬಾಚುವ ಕೆಲಸ ತಪ್ಪುವುದಿಲ್ಲ. ಚಪ್ಪಟೆ ಮುಖದ ಪರ್ಷಿಯನ್ನಿಗೆ ತೀರ ಸಣ್ಣ, ನುಣುಪಾದ ಕಾಳನ್ನು ಎತ್ತಿಕೊಳ್ಳುವುದು ಕಷ್ಟವಾಗುತ್ತದೆ ಎಂಬುದನ್ನೂ ಗಮನಿಸಬೇಕು.

ಪ್ರಮಾಣದ ವಿಷಯದಲ್ಲಿ ನಾವು ಧಾರಾಳಿಗಳು, ತಟ್ಟೆ ಖಾಲಿ ಕಂಡರೆ ತುಂಬಿಬಿಡುತ್ತೇವೆ. ಸಂತಾನಹರಣ ಮಾಡಿಸಿದ, ಮನೆಯೊಳಗೇ ಇರುವ ನಾಲ್ಕು ಕೆಜಿಯ ಬೆಕ್ಕಿಗೆ ದಿನಕ್ಕೆ ಸುಮಾರು 190 ಕಿಲೊಕ್ಯಾಲೊರಿ ಬೇಕು. ಚುರುಕಾಗಿ ಓಡಾಡುವುದಾದರೆ ಸುಮಾರು 250. ಪ್ರೋಟೀನ್ ಮತ್ತು ಶರ್ಕರಪಿಷ್ಟಕ್ಕೆ ಗ್ರಾಂಗೆ 3.5, ಕೊಬ್ಬಿಗೆ 8.5 ಕಿಲೊಕ್ಯಾಲೊರಿಯಂತೆ ಮೇಲಿನ ಚೀಲವನ್ನು ಲೆಕ್ಕ ಹಾಕಿದರೆ 100 ಗ್ರಾಂನಲ್ಲಿ ಸುಮಾರು 345 ಬರುತ್ತದೆ, ಅಂದರೆ ಮೊದಲ ಬೆಕ್ಕಿಗೆ ದಿನಕ್ಕೆ 55 ಗ್ರಾಂ ಸಾಕು. ಅದನ್ನು ಲೋಟದಲ್ಲಿ ಅಳೆಯದೆ ತಕ್ಕಡಿಯಲ್ಲಿ ತೂಗಬೇಕು. ಉದ್ದ ಕೂದಲಿನ ಬೆಕ್ಕು ದಪ್ಪಗಾದುದು ಕಣ್ಣಿಗೆ ಕಾಣದು, ಕೈಗೇ ತಿಳಿಯಬೇಕು: ಎರಡೂ ಅಂಗೈಗಳನ್ನು ಕೂದಲಿನೊಳಗೆ ಇಳಿಸಿ ಪಕ್ಕೆಯ ಮೇಲೆ ಆಡಿಸಿದಾಗ ಎಲುಬುಗಳು ತೆಳುವಾದ ಕೊಬ್ಬಿನಡಿ ಒತ್ತದೆಯೇ ಸಿಗಬೇಕು. ಬೆನ್ನಿನ ಹಿಂಭಾಗದಲ್ಲಿ ಕೂದಲು ಜಡೆಗಟ್ಟತೊಡಗಿದ್ದರೆ, ಮೈ ದಪ್ಪವಾಗಿ ಅಲ್ಲಿಗೆ ನಾಲಗೆ ಎಟುಕುತ್ತಿಲ್ಲ ಎಂದೂ ಇರಬಹುದು.

ಒಣ ಆಹಾರದ ದೊಡ್ಡ ಕೊರತೆ ನೀರು. ನಾಲ್ಕು ಕೆಜಿಯ ಬೆಕ್ಕಿಗೆ ದಿನಕ್ಕೆ ಸುಮಾರು 200 ಮಿಲಿ ಲೀಟರ್ ನೀರು ಬೇಕು, 55 ಗ್ರಾಂ ಕಾಳಿನಿಂದ ಐದಾರು ಮಿಲಿ ಲೀಟರ್ ಮಾತ್ರ ಸಿಗುತ್ತದೆ, ಬೆಕ್ಕಿಗೆ ಬಾಯಾರಿಕೆಯ ಅರಿವೂ ಮಂದ. ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಇದು ಸಣ್ಣ ಮಾತಲ್ಲ. ಎರಡು ಮೂರು ಕಡೆ ಅಗಲ ಬಾಯಿಯ ಬಟ್ಟಲುಗಳಲ್ಲಿ ನೀರಿಡಬೇಕು. ಬೋರ್‌ವೆಲ್ ನೀರನ್ನು ಮೂಸಿ ಬಿಡುವ ಬೆಕ್ಕಿಗೆ ಮನೆಯವರು ಕುಡಿಯುವ ನೀರನ್ನೇ ಕೊಡಬೇಕು. ಸಾಧ್ಯವಿದ್ದರೆ ದಿನದಲ್ಲಿ ಒಂದು ಹೊತ್ತು ಗ್ರೇವಿ ಆಹಾರ ಸೇರಿಸಬೇಕು. ಗಂಡು ಬೆಕ್ಕು ಮೂತ್ರಕ್ಕೆ ಕುಳಿತು ತಿಣುಕುತ್ತಿದ್ದು ಹನಿಯೂ ಬಾರದಿದ್ದರೆ ಆಹಾರದ ಚರ್ಚೆ ಬಿಟ್ಟು ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಬಿಸಿಲು ಚೀಲದೊಳಗಿನ ಕೊಬ್ಬನ್ನೂ ಕೆಡಿಸುತ್ತದೆ. ಹತ್ತು ಕೆಜಿಯ ಚೀಲ ಅಗ್ಗವೆಂದು ಒಂದೇ ಬೆಕ್ಕಿರುವ ಮನೆಗೆ ತಂದರೆ, ದಿನಕ್ಕೆ 55 ಗ್ರಾಂನಂತೆ ಅದು ಆರು ತಿಂಗಳು ಬರುತ್ತದೆ. ತೆರೆದ ಚೀಲ ಒಂದೂವರೆ ತಿಂಗಳೊಳಗೆ ಮುಗಿಯುವುದು ಒಳ್ಳೆಯದು. ಕೆಟ್ಟ ಕಾಳು ಹಳೆಯ ಕರಿದೆಣ್ಣೆಯ ಕಮಟು ನಾತ ಬೀರುತ್ತದೆ, ಬೆಕ್ಕು ನಮಗಿಂತ ಮೊದಲೇ ಅದನ್ನು ಕಂಡುಹಿಡಿದು ಮುಖ ತಿರುಗಿಸುತ್ತದೆ. ಬಿಡಿಯಾಗಿ ತೂಗಿ ಕೊಡುವ ಕಾಳನ್ನು ಕೊಳ್ಳದಿರುವುದು ಲೇಸು, ಏಕೆಂದರೆ ಅದರ ತಯಾರಿಕೆಯ ದಿನಾಂಕವಾಗಲಿ ಪದಾರ್ಥಗಳ ಪಟ್ಟಿಯಾಗಲಿ ನಮಗೆ ಸಿಗುವುದಿಲ್ಲ.

ಹೊಸ ಆಹಾರವನ್ನು ಏಳರಿಂದ ಹತ್ತು ದಿನಗಳಲ್ಲಿ, ಹಳೆಯದರೊಡನೆ ಕಾಲು ಪಾಲಿನಿಂದ ಬೆರೆಸುತ್ತ ಹೆಚ್ಚಿಸಬೇಕು. 'ಹಸಿದರೆ ತಾನೇ ತಿನ್ನುತ್ತದೆ' ಎಂಬ ಹಟ ಬೆಕ್ಕಿನ ವಿಷಯದಲ್ಲಿ ಅಪಾಯಕಾರಿ: ದಪ್ಪಗಿನ ಬೆಕ್ಕು ಕೆಲವು ದಿನ ಉಪವಾಸವಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಂಡು ಪ್ರಾಣಕ್ಕೇ ಕುತ್ತು ಬರಬಹುದು. ಒಂದು ಇಡೀ ದಿನ ಏನನ್ನೂ ಮುಟ್ಟದಿದ್ದರೆ ಹಳೆಯ ಆಹಾರಕ್ಕೇ ಮರಳಬೇಕು. ಅದನ್ನೂ ಒಲ್ಲೆನೆಂದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.